ಮಳೆಯ ಕೋಟು, ರಬ್ಬರ್ ಕಪ್ಪೆ

ನನ್ನ ಮಗ ಶಶಿಕಾಂತ ತೀರಿಕೊಂಡ ಸುದ್ದಿ ಬಂದದ್ದು ಚೈತ್ರದ ಒಂದು ರವಿವಾರ, ಬೆಳಗಿನ ಹತ್ತೂವರೆಗೆ. ನಾನು ಪೂಜೆ ಮುಗಿಸಿ ಏಳುತ್ತಿದ್ದೆ. ಸೊಸೆ ಮಾಧುರಿ ಫೋನು ಹಿಡಿದು ಬಾಗಿಲಲ್ಲಿ ನಿಂತಳು. ಫೋನು ನಾನೇ ತೆಗೆದುಕೊಂಡೆ. ಆ ಕಡೆ ಇದ್ದವನು ಶಶಿಯ ಗೆಳೆಯ ಅಮಿತ. ಬದಲಾಪುರದ ಆಚೆಯ ಕೆರೆಯಲ್ಲಿ ಶಶಿ ಮುಳುಗಿದ, ಹೊರಗೆ ತೆಗೆಯುವಾಗ ಜೀವ ಇರಲಿಲ್ಲ ಎಂದ.

ಕೆರೆಗೆ ಯಾಕೆ ಹೋಗಿದ್ದ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು, ಹದಿನೈದು ವರ್ಷದಿಂದ ಗೊತ್ತಿತ್ತು. ನಮ್ಮದು ವಿಜಯಪುರ ಕಡೆಯ ಲಿಂಗವಂತ ಮನೆತನ. ಮೀನು ಎಂಬ ಶಬ್ದವನ್ನೂ ನಾವು ಮನೆಯೊಳಗೆ ಆಡಿದವರಲ್ಲ. ಶಶಿಯೂ ತಿನ್ನುತ್ತಿರಲಿಲ್ಲ, ಗಾಳಕ್ಕೆ ಬಿದ್ದದ್ದನ್ನು ತಿರುಗಿ ನೀರಿಗೆ ಬಿಡುತ್ತಿದ್ದನಂತೆ. ರವಿವಾರ ಬೆಳಗ್ಗೆ ‘ಹೊರಗ ಹೋಗಿ ಬರ್ತೀನ್ರಿ’ ಅನ್ನುತ್ತಿದ್ದ. ನಾನು ‘ಹೂಂ’ ಅನ್ನುತ್ತಿದ್ದೆ. ಮರಳಿದವನು ನೇರ ಬಚ್ಚಲಿಗೆ ಹೋಗುತ್ತಿದ್ದ. ಚೆಂಬೂರಿನ ಎರಡು ಕೋಣೆಯ ಮನೆಯಲ್ಲಿ ಮಗನ ಕೈಯ ವಾಸನೆ ತಂದೆಗೆ ತಿಳಿಯದೆ ಇದ್ದೀತೇ? ತಿಳಿದೂ ಕೇಳದಿರುವುದನ್ನು ನಾನು ದೊಡ್ಡತನ ಎಂದುಕೊಂಡಿದ್ದೆ.

ಮಣ್ಣು ಕೊಟ್ಟು ಬಂದೆವು. ವರುಷ ತುಂಬುತ್ತ ಬಂತು.

ಪುಣ್ಯತಿಥಿಗೆ ಒಂದು ವಾರವಿರುವಾಗ ಮೊಮ್ಮಗಳು ಸೌಮ್ಯಾ ಊಟದ ನಡುವೆ ತಲೆ ಎತ್ತದೆ ಹೇಳಿದಳು: ಬರುವ ರವಿವಾರ ಅಮಿತ ಅಂಕಲ್ ಜೊತೆ ಅದೇ ಕೆರೆಗೆ ಹೋಗುತ್ತೇನೆ, ಗಾಳ ಹಾಕುತ್ತೇನೆ. ಅವಳಿಗೆ ಇಪ್ಪತ್ತಮೂರು. ಹತ್ತು ವರ್ಷದವಳಿದ್ದಾಗಲೇ ಶಶಿ ಅವಳಿಗೆ ಅದನ್ನು ಕಲಿಸಿದ್ದನೆಂಬುದು ನನಗೆ ತಿಳಿದದ್ದು ಅಂದೇ. ಮಾಧುರಿ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಒಳಗೆ ಹೋದಳು. ಮರುದಿನ ನನ್ನ ಬಳಿ ಬಂದು, “ಮಾವಾರ, ನಿಮ್ಮ ಮಾತು ಅಕಿ ಮೀರಂಗಿಲ್ರಿ. ಬ್ಯಾಡ ಅನ್ರಿ” ಎಂದಳು. ಗಾಳಿ ಸಹಿತ ಅಕಾಲದ ಅಡ್ಡಮಳೆ ಬರುವುದೆಂದು ಟಿವಿಯಲ್ಲಿ ಮೂರು ದಿನದಿಂದ ಹೇಳುತ್ತಿದ್ದರು. ಹೋದ ವರ್ಷವೂ ಹೀಗೆಯೇ ಹೇಳಿದ್ದರು.

ನಾನು ತಕ್ಷಣ ಬೇಡ ಎನ್ನಲಿಲ್ಲ. ಸಾಮಾನು ಕೊಳ್ಳಲು ನಾನೂ ಬರುತ್ತೇನೆ ಎಂದೆ. ಒಂದು ಕಾರ್ಖಾನೆಯ ಸುರಕ್ಷಾ ಸಾಮಾನಿನ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ಮಳೆಯ ಕೋಟು, ಗಮ್‌ಬೂಟು, ಹೆಲ್ಮೆಟ್ ಕೊಡುವುದೇ ನನ್ನ ಕೆಲಸವಾಗಿತ್ತು. ಹುಡುಗಿಯನ್ನು ತಡೆಯಲು ಆಗದಿದ್ದರೆ ತಲೆಯಿಂದ ಕಾಲಿನವರೆಗೆ ಮುಚ್ಚಿಯಾದರೂ ಕಳಿಸಬೇಕು ಎಂದು ಮನಸ್ಸಿನಲ್ಲಿತ್ತು.

ಗಾಳದ ಸಾಮಾನಿನ ಅಂಗಡಿ ಸಾಂತಾಕ್ರೂಜ್ ಸ್ಟೇಶನ್ನಿನ ಹತ್ತಿರ. ಮಾಲೀಕ ಯಲ್ಲಾಲಿಂಗ ನಮ್ಮ ಕಡೆಯವನೇ. ದಹಿಸರಿನಿಂದ ಅಮಿತ ಮೊದಲೇ ಬಂದು ಕಾಯುತ್ತಿದ್ದ. ಗೋಡೆಯ ತುಂಬ ಗಾಳಕ್ಕೆ ಕಟ್ಟುವ ಬಣ್ಣಬಣ್ಣದ ಸುಳ್ಳು ಮೀನುಗಳು, ರಬ್ಬರಿನ ಕಪ್ಪೆಗಳು ತೂಗುತ್ತಿದ್ದವು. ನಾನು ಎತ್ತ ನೋಡಬೇಕೆಂದು ತಿಳಿಯದೆ ನಿಂತೆ. ಯಲ್ಲಾಲಿಂಗ ನನ್ನ ಹಣೆಯನ್ನು ನೋಡಿ, “ಅಜ್ಜಾರ, ಇಷ್ಟುದ್ದ ವಿಭೂತಿ ಹಚ್ಚಿದವರು ನಮ್ಮ ಅಂಗಡಿಗೆ ಬಂದಿದ್ದು ಇದ ಮೊದಲ ನೋಡ್ರಿ. ಕಪ್ಪಿಗಳಿಗೂ ನಾಚ್ಕಿ ಬಂದೈತಿ” ಎಂದ.

ಮಳೆಯ ಸಾಮಾನು ಒಳಗಿನ ಮೂಲೆಯಲ್ಲಿತ್ತು. ಅಲ್ಲಿ ನನ್ನ ಕೈ ತಾನಾಗಿ ಹೋಯಿತು. ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದ, ಮೀನಖಂಡದವರೆಗೆ ಬರುವ ದಪ್ಪನೆಯ ಹಸಿರು ಕೋಟೊಂದನ್ನು ಆರಿಸಿದೆ. ಮೊಳಕಾಲುದ್ದದ ಗಮ್‌ಬೂಟು ಆರಿಸಿದೆ. ಎರಡನ್ನೂ ತಂದು ಸೌಮ್ಯಾಳ ಮುಂದೆ ಇಟ್ಟು, ಇವನ್ನು ಹಾಕಿಕೊಂಡರೆ ಹೋಗು, ಇಲ್ಲವಾದರೆ ಹೋಗಬೇಡ ಎಂದೆ.

ಅವಳು ಅಮಿತನ ಕಡೆ ನೋಡಿದಳು. ಅಮಿತ ಬಂದು ಬೂಟುಗಳನ್ನು ಎತ್ತಿ ನೆಲಕ್ಕಿಟ್ಟ.

“ಕಾಕಾ, ಇವು ಬ್ಯಾಡ್ರಿ.”

“ಯಾಕ?”

“ಶಶಿ ಇಂಥಾವ ಹಾಕ್ಕೊಂಡಿದ್ದ.”

ಅಮಿತ ಒಂದು ವರ್ಷ ನನ್ನಿಂದ ಬಚ್ಚಿಟ್ಟದ್ದನ್ನು ಆ ಅಂಗಡಿಯಲ್ಲಿ ನಿಂತೇ ಹೇಳಿದ. ಅಂದು ಮಳೆ ಹೊಡೆಯುತ್ತಿತ್ತು. ಮರಾಠಿಯವರು ಮರಳ್ ಎನ್ನುವ ಹಾವಿನ ತಲೆಯ ಮೀನು ಗಾಳಕ್ಕೆ ಬಿದ್ದು, ನೀರೊಳಗಿನ ಮರದ ಬೊಡ್ಡೆಗೆ ದಾರ ಸುತ್ತಿಕೊಂಡಿತು. ಹಾಗೇ ಬಿಟ್ಟರೆ ಕಟ್ಟಿಹಾಕಿದಂತೆ ಸಾಯುತ್ತದೆ ಎಂದು ಶಶಿ ಬಿಡಿಸಲು ಇಳಿದ. ಕಾಲಡಿಯ ಕಲ್ಲು ಜಾರಿತು. ಎದೆಮಟ್ಟ ನೀರಿನಿಂದ ಅವನು ಆಳಕ್ಕೆ ಹೋದ. ಬೂಟಿನೊಳಗೆ ನೀರು ತುಂಬಿತು, ಉದ್ದನೆಯ ಕೋಟು ಕಾಲಿಗೆ ಸುತ್ತಿಕೊಂಡಿತು. ಈಜು ಬಾರದ ಅಮಿತ ಟವೆಲು ಎಸೆದ, ಎಟುಕಲಿಲ್ಲ.

“ಈಜು ಬರ್ತಿತ್ತು ಅವಗ,” ಅಮಿತ ಎಂದ. “ಕಾಲು ಏಳಲಿಲ್ರಿ.”

ಆ ಬೂಟು, ಆ ಕೋಟು ನನ್ನವು. ನಿವೃತ್ತಿಯ ದಿನ ಕಾರ್ಖಾನೆಯವರು ಕೊಟ್ಟದ್ದು. ಶಶಿ ಹೊರಡುವ ಹಿಂದಿನ ದಿನ ಮೋಡ ನೋಡಿ ನಾನೇ ಟ್ರಂಕಿನಿಂದ ತೆಗೆದು ಅವನ ಮುಂದಿಟ್ಟಿದ್ದೆ. ಮಳೆ ಐತಿ, ಹಾಕ್ಕೋ ಎಂದಷ್ಟೇ ಹೇಳಿದ್ದೆ.

“ನಾ ಬ್ಯಾಡ ಅಂದೆ ಕಾಕಾ. ಅವ ನಕ್ಕ. ‘ಇಷ್ಟು ವರ್ಷದಾಗ ಅಪ್ಪ ಇದಕ್ಕಂತ ಕೊಟ್ಟಿದ್ದು ಇದೊಂದ. ಹೆಂಗ ಬಿಡ್ಲಿ?’ ಅಂದ.”

ನಾನು ಕೋಟಿನ ಅಂಚನ್ನು ಹಿಡಿದು ನಿಂತಿದ್ದೆ. ಉಗ್ರಾಣದಲ್ಲಿ ಯಾವ ಕೂಲಿಯಾಳು ಬಂದರೂ ಮೊದಲು ಕೇಳುತ್ತಿದ್ದೆ: ಎಲ್ಲಿ ಕೆಲಸ? ಮೇಲೋ, ಕೆಳಗೋ, ಒಣ ನೆಲವೋ, ನೀರೋ? ಕೇಳದೆ ಒಂದು ಕೈಗವಸನ್ನೂ ಕೊಟ್ಟವನಲ್ಲ. ಸಾವಿರಾರು ಜನರನ್ನು ಕೇಳಿದ ಪ್ರಶ್ನೆಯನ್ನು ನನ್ನ ಮಗನಿಗೆ ಕೇಳಿರಲಿಲ್ಲ. ಕೇಳಿದ್ದರೆ ಅವನು ಕೆರೆ ಎನ್ನಬೇಕಾಗುತ್ತಿತ್ತು, ನಾನು ಅದನ್ನು ಕಿವಿಯಾರೆ ಕೇಳಬೇಕಾಗುತ್ತಿತ್ತು.

ಈಗ ಬೇಡ ಎನ್ನಲು ನನಗೆ ಕಾರಣ ಸಿಕ್ಕಿತ್ತು. ಬಾಯಿ ತೆರೆದೆ. ಸೌಮ್ಯಾ ನನಗಿಂತ ಮೊದಲೇ ಮಾತಾಡಿದಳು. ಅವಳ ಕನ್ನಡ ತಡವರಿಸುತ್ತದೆ.

“ಅಜ್ಜಾ, ನೀವು ಬೇಡ ಅಂದ್ರೆ ಈ ಸಂಡೇ ನಾನು ಹೋಗೋದಿಲ್ಲ. ಪಕ್ಕಾ. ಆದ್ರೆ ಮುಂದೆ ನಾನೂ ‘ಹೊರಗ ಹೋಗಿ ಬರ್ತೀನಿ’ ಅಂತೀನಿ. ಪಪ್ಪಾ ಕೀ ತರಹ.”

ಬೆದರಿಕೆಯ ದನಿ ಅದಲ್ಲ. ಅವಳ ಕಣ್ಣು ತುಂಬಿತ್ತು. ನಾನು ಕೋಟಿನ ಅಂಚನ್ನು ಬಿಟ್ಟೆ.

“ನೀ ಎಲ್ಲಿ ನಿಂದರತಿ?” ಎಂದು ಕೇಳಿದೆ. “ದಂಡಿ ಮ್ಯಾಲೋ, ನೀರಾಗೋ?”

“ನೀರಲ್ಲಿ. ಮೊಳಕಾಲ ತನಕ.”

“ಮೀನು ದಾರ ಸುತ್ತಿಕೊಂಡ್ರ?”

“ದಾರ ಕತ್ತರಿಸ್ತೀನಿ.”

“ಹಂಗ ಬಿಟ್ರ ಸಾಯೂದಿಲ್ಲೇನು?”

ಯಲ್ಲಾಲಿಂಗ ಈಗ ತಮಾಷೆ ಬಿಟ್ಟು ಹತ್ತಿರ ಬಂದ. ಗಾಳದ ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ, ದಾರ ಸಡಿಲಾದ ಕೂಡಲೇ ಮೀನು ತಾನೇ ಕಳಚಿಕೊಂಡು ಹೋಗುತ್ತದೆ ಎಂದ. ಮಳೆಗೆ ಕದಡಿದ ನೀರಲ್ಲಿ ಮೀನಿಗೆ ಕಣ್ಣು ಕಾಣುವುದು ಕಡಿಮೆ. ಬಿಳಿ ಹೊಟ್ಟೆಯ ಕಪ್ಪೆ, ಬಾಲದಲ್ಲಿ ಸದ್ದು ಮಾಡುವಂಥದ್ದು ಬೇಕು. ಕೊಕ್ಕೆ ಬೆನ್ನಿಗೆ ಒರಗಿರುವುದರಿಂದ ಜೊಂಡಿಗೆ ಸಿಕ್ಕುವುದಿಲ್ಲ. ನಾನು ಆ ರಬ್ಬರ್ ಕಪ್ಪೆಯನ್ನು ಕೈಗೆ ತೆಗೆದುಕೊಂಡು ಕೊಕ್ಕೆಯನ್ನು ಬೆರಳಿನಿಂದ ಒತ್ತಿ ನೋಡಿದೆ. ಮುಳ್ಳನ್ನು ನನ್ನ ಕಣ್ಣೆದುರೇ ಒತ್ತಿಸಿದೆ.

ಕೋಟಿನ ಸರದಿ ಬಂದಾಗ ನಾನು ಮತ್ತೆ ಉಗ್ರಾಣದವನಾದೆ. ಸೊಂಟಕ್ಕೆ ನಿಲ್ಲುವ ಗಿಡ್ಡ ಕೋಟು, ಕಿತ್ತಳೆ ಬಣ್ಣದ್ದು. ಬಣ್ಣಕ್ಕೆ ಮೀನು ಬೆದರುತ್ತದೆ ಎಂದು ಅಮಿತ ಅಂದ. ಬೆದರಲಿ, ನಮಗೆ ಹುಡುಗಿ ಕಾಣಬೇಕು ಎಂದೆ. ಪಕ್ಕದಲ್ಲಿ ತೂತಿರುವ, ಲೇಸು ಕಟ್ಟುವ ಬೂಟು. ಕೋಟಿನ ಮೇಲೆ ತೊಡುವ, ನೀರಲ್ಲಿ ತೇಲಿಸುವ ಜಾಕೆಟು. ಮೂವತ್ತು ಅಡಿ ಹಗ್ಗ.

ರವಿವಾರ ಮಾಧುರಿ ಮಗಳ ಹಣೆಗೆ ವಿಭೂತಿ ಹಚ್ಚಿದಳು. ನನ್ನ ಮುಖ ನೋಡದೆ ಒಳಗೆ ಹೋದಳು; ನಾನೂ ಅವರ ಜೊತೆ ಅಮಿತನ ಗಾಡಿ ಹತ್ತಿದೆ.

ಕೆರೆ ತಲುಪಿದ ಅರ್ಧ ಗಂಟೆಗೆ ಮಳೆ ಶುರುವಾಯಿತು. ಕೆರೆಯ ಆಚೆ ದಡ ಕಾಣದಾಯಿತು. ಸೌಮ್ಯಾ ಮೊಳಕಾಲು ನೀರಲ್ಲಿ ನಿಂತು ಕಪ್ಪೆಯನ್ನು ಎಸೆಯುತ್ತಿದ್ದಳು, ಎಳೆಯುತ್ತಿದ್ದಳು. ನಾನು ಪಂಚಾಕ್ಷರಿ ಹೇಳುತ್ತ ಅವಳ ಕಾಲನ್ನಷ್ಟೇ ನೋಡುತ್ತಿದ್ದೆ. ಹಠಾತ್ತನೆ ಗಾಳದ ಕೋಲು ಬಾಗಿತು. ಮೀನು ಜೊಂಡಿನ ಕಡೆ ಎಳೆಯಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು, ಇನ್ನೊಂದು. ನೀರು ತೊಡೆಗೆ ಬಂತು. ನಾನು ಅವಳ ಹೆಸರು ಕೂಗುವಷ್ಟರಲ್ಲಿ ಅವಳು ಜಾರಿದಳು.

ತಲೆ ಮುಳುಗಿತು. ನನ್ನ ಜಪ ನಿಂತಿತು. ಅಮಿತ ಹಗ್ಗ ಹಿಡಿದು ಓಡಿದ. ಕದಡಿದ ಕೆಂಪು ನೀರಲ್ಲಿ ಕಿತ್ತಳೆ ಬಣ್ಣದ ಒಂದು ತುಂಡು ಕಂಡಿತು, ಮೇಲೆದ್ದಿತು. ಅವಳು ಕೆಮ್ಮುತ್ತ ಕಾಲು ಬಡಿದಳು, ಹಗ್ಗ ಸಿಗುವ ಮೊದಲೇ ನೆಲ ಸಿಕ್ಕಿತು, ನಡೆದು ಬಂದಳು. ಬೂಟಿನ ತೂತುಗಳಿಂದ ನೀರು ಸುರಿಯುತ್ತಿತ್ತು. ಕೋಲಿನ ದಾರ ಸಡಿಲಾಗಿ ಹಿಂದೆ ಎಳೆದು ಬರುತ್ತಿತ್ತು.

“ಹೋಯ್ತು ಅಜ್ಜಾ,” ಎಂದಳು.

ಅವಳ ತಲೆ ಒರೆಸುತ್ತ, “ಎಷ್ಟು ದೊಡ್ಡದಿತ್ತು ಯವ್ವಾ?” ಎಂದು ಕೇಳಿದೆ.

ಅವಳು ಎರಡು ಕೈ ಅಗಲಿಸಿ ತೋರಿಸಿದಳು. ಆಮೇಲೆ ಅಳಲು ಶುರುಮಾಡಿದಳು, ಅಳುತ್ತಲೇ ಅದು ಹೇಗೆ ಕಚ್ಚಿತು, ಹೇಗೆ ಎಳೆಯಿತು ಎಂದೆಲ್ಲ ಹೇಳಿದಳು. ನಾನು ಕೊನೆಯವರೆಗೆ ಕೇಳಿದೆ. ಅಮಿತ ಅವಳನ್ನು ಗಾಡಿಗೆ ಕರೆದೊಯ್ದ ಮೇಲೆ, ಮಳೆಯಲ್ಲೇ ನೀರಿಗೆ ಕೈ ಮುಗಿದು ನಿಂತೆ.

ಶಿವನೇ, ನನ್ನ ಮಗ ಶಶಿಕಾಂತ ತೊಯ್ದ ಬಟ್ಟೆಯಲ್ಲಿ, ಭಾರವಾದ ಕಾಲಿನಲ್ಲಿ ನಿನ್ನ ಬಳಿಗೆ ಬಂದಿದ್ದಾನೆ. ಆ ಭಾರ ನಾನು ತೊಡಿಸಿದ್ದು, ಅವನದಲ್ಲ; ಇಳಿಸಿಬಿಡು. ಒಂದು ಜೀವ ಬಿಡಿಸಲು ಹೋದವನು ಅವನು. ಎಲ್ಲಿಗೆ ಹೋಗಿದ್ದೆ, ಏನು ಕಂಡೆ ಎಂದು ನಾನು ಅವನನ್ನು ಕೇಳಲಿಲ್ಲ. ನೀನು ಕೇಳು, ಅವನು ಹೇಳಿ ಮುಗಿಸುವವರೆಗೆ ಕೇಳು. ನಿನ್ನ ಪಾದದಲ್ಲಿ ಅವನಿಗೆ ಶಾಂತಿ ಸಿಗಲಿ.