ಸ್ಟೇಷನ್ನಿಗೆ ಹನ್ನೊಂದು ನಿಮಿಷದ ಹೊಲ

"ಏಯ್ ಅಮ್ಮ, ಫೋಟೋದಲ್ಲಿ ನೀನು ಬೀಳ್ತಿದ್ದೀಯ. ಆಚೆ ಸರಿ. ಇನ್ನೂ ಆಚೆ. ಆ ಚೀಲಾನೂ ಎಳ್ಕೊ."

ಪಿಲ್‌ನಮ್ ಗೆಣಸಿನ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಗುದ್ದಲಿಯನ್ನು ಮಣ್ಣಿನಲ್ಲೇ ಬಿಟ್ಟು ತಲೆಯೆತ್ತಿದಳು. ಬದುವಿನ ಮೇಲೆ ಮ್ಯಾಂಗ್ ಮೊಬೈಲು ಹಿಡಿದು ನಿಂತಿದ್ದ. ಅವನು ಜಮೀನು ದಲ್ಲಾಳಿ ಅಂತ ಆಮೇಲೆ ತಿಳಿದದ್ದು.

"ಯಾಕೆ? ನನ್ ಮುಖ ಬಿದ್ರೆ ನಿನ್ ಮೊಬೈಲು ಒಡ್ದೋಯ್ತದಾ?"

"ಬೇಕಾಗಿರೋದು ಹೊಲದ ಫೋಟೋ. ಕೂಲಿಯವರದ್ದಲ್ಲ."

ನಾನು ಪಕ್ಕದ ಸಾಲಿನಲ್ಲಿದ್ದೆ. ಅವಳ ಗೆಣಸಿಗೆ ನಾನು, ನನ್ನ ಮೆಣಸಿನಕಾಯಿಗೆ ಅವಳು. ನಮ್ಮೂರು ಬಮ್‌ಗೋಲ್‌ನಲ್ಲಿ ಮುಯ್ಯಾಳು ಇನ್ನೂ ನಿಂತಿಲ್ಲ. ಹತ್ತೊಂಬತ್ತು ವರ್ಷದಿಂದ ಆ ಹೊಲ ಮಾಡುತ್ತಿದ್ದವಳನ್ನು ಅವನು ಕೂಲಿಯವಳು ಎಂದದ್ದು ಇಬ್ಬರಿಗೂ ಕೇಳಿಸಿತು. ಮ್ಯಾಂಗ್ ನಾಲ್ಕು ಮೂಲೆಯಿಂದಲೂ ಫೋಟೋ ತೆಗೆದು, ಗಡಿಯಾರ ನೋಡಿ, ಯಾರಿಗೋ ಫೋನು ಮಾಡಿದ.

"ಸ್ಟೇಷನ್ನಿಂದ ನಡ್ಕೊಂಡೇ ಬಂದೆ ಸಾರ್. ಸರಿಯಾಗಿ ಹನ್ನೊಂದು ನಿಮಿಷ. ರೈಲು ಹತ್ತಿದ್ರೆ ಐವತ್ತು ನಿಮಿಷಕ್ಕೆ ಸೋಲ್ ಸಿಟಿ. ಆಫೀಸು ಮುಗಿಸ್ಕೊಂಡು ಬಂದು ಸಂಜೆ ನಿಮ್ಮ ಹೊಲದ ಸೊಪ್ಪು ನೀವೇ ಕಿತ್ಕೊಂಡು ಊಟ ಮಾಡಬಹುದು."

ಅವನು ಹೋದ ಮೇಲೆ ಪಿಲ್‌ನಮ್ ಕೇಳಿದಳು. "ಕೇಳ್ಸಿತಾ ಅಕ್ಕ?"

"ರಸ್ತೆ ಅಳತೆಯೋನೇನೋ."

"ರಸ್ತೆಯೋನು ಸೊಪ್ಪಿನ ಮಾತು ಯಾಕಾಡ್ತಾನೆ?" ಅವಳು ನನ್ನ ಮುಖವನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚಾಗಿ ನೋಡಿದಳು. "ನಿಂಗೇನಾರ ಗೊತ್ತಾ?"

ನನಗೇನೂ ಗೊತ್ತಿರಲಿಲ್ಲ. ಆದರೂ ಹಾಗೆ ನೋಡಿಸಿಕೊಂಡಾಗ ಕಳ್ಳಿಯ ಹಾಗೆ ನನ್ನ ಕಣ್ಣು ಮಣ್ಣಿಗಿಳಿಯಿತು.

ಹೊಲದ ಒಡೆಯ ಗು, ಸೋಲ್‌ನಲ್ಲಿ ಹೈಸ್ಕೂಲಿನ ಹೆಡ್ಮಾಸ್ಟರಾಗಿ ನಿವೃತ್ತನಾದವನು. ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಒಮ್ಮೆ ಮೆಣಸಿನಪುಡಿ ಒಯ್ಯಲು, ಒಮ್ಮೆ ಗೆಣಸು ಒಯ್ಯಲು. ಆ ವರ್ಷ ಮೂರನೇ ಸಲವೂ ಬಂದ. ಕಾಲಿಗೆ ಹೊಚ್ಚ ಹೊಸ ರಬ್ಬರ್ ಬೂಟು. ಕಾರಿನಿಂದ ಇಳಿದವನೇ ಕಾಲುವೆಯ ಕೆಸರಿಗೆ ಹೋಗಿ ಬೂಟಿಗೆ ತಾನೇ ಕೆಸರು ಮೆತ್ತಿಕೊಂಡ. ಆಮೇಲೆ ಪಿಲ್‌ನಮ್ ಕೈಯಿಂದ ಗುದ್ದಲಿ ಇಸಿದುಕೊಂಡು ಅವಳ ಸಾಲಿನಲ್ಲಿ ಕೂತ. ಮ್ಯಾಂಗ್ ಫೋಟೋ ತೆಗೆಯತೊಡಗಿದ.

"ಹೆಡ್ಮೇಷ್ಟ್ರೇ, ಗುದ್ದಲಿ ತಿರುಗಾಮುರುಗಾ ಹಿಡ್ದಿದೀರಿ," ಅಂದಳು ಪಿಲ್‌ನಮ್.

ಮ್ಯಾಂಗ್ ನಕ್ಕು, ಒಡೆಯನ ಮುಖ ನೋಡಿ ನಿಲ್ಲಿಸಿದ. ಗು ಗುದ್ದಲಿಯನ್ನು ತಿರುಗಿಸಿ ಹಿಡಿದುಕೊಂಡ. ಇನ್ನೆರಡು ಫೋಟೋ ಆಯಿತು. ಎದ್ದು ಕೈ ಒರೆಸಿಕೊಂಡು ಒಳಜೇಬಿನಿಂದ ಒಂದು ಕಾಗದ ತೆಗೆದ.

"ಇದಕ್ಕೊಂದು ಸಹಿ ಹಾಕು ಪಿಲ್‌ನಮ್. ನಿನ್ನ ಗಂಡನ ಮುದ್ರೆ ಆಗಲೇ ಬಿದ್ದಿದೆ. ನಿನ್ನದೂ ಇದ್ದರೆ ಗಟ್ಟಿ."

ಅವಳು ಕಾಗದವನ್ನು ದೂರ ಹಿಡಿದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಈ ಹೊಲವನ್ನು ಗು ಎಂಬುವವರು ಒಂಬತ್ತು ವರ್ಷದಿಂದ ಸ್ವಂತ ಕೈಯಿಂದ ಬೇಸಾಯ ಮಾಡಿಕೊಂಡು ಬಂದಿರುವುದನ್ನು ಅಕ್ಕಪಕ್ಕದವರಾದ ನಾವು ಕಣ್ಣಾರೆ ಕಂಡಿದ್ದೇವೆ ಎಂದಿತ್ತು. ಎಂಟು ವರ್ಷ ತಾನೇ ಉತ್ತು ಬಿತ್ತಿದವನು ಹೊಲ ಮಾರಿದರೆ ಸರ್ಕಾರ ತೆರಿಗೆ ಬಿಟ್ಟುಬಿಡುತ್ತದೆ. ಅದಕ್ಕೆ ಈ ಸಾಕ್ಷಿ.

"ನೀವು ಉತ್ತಿದ್ರೆ, ನಾನೇನು ಮಾಡ್ತಿದ್ದೆ ಇಲ್ಲಿ?"

"ಆಗೀಗ ಕೂಲಿಗೆ ಬರ್ತಿದ್ದೆ. ಕೆಳಗೆ ಅದೂ ಬರೆದಿದೆ ನೋಡು."

"ಹಾಕದೆ ಹೋದ್ರೆ?"

ಗು ದನಿ ಏರಿಸಲಿಲ್ಲ. ತರಗತಿಯಲ್ಲಿ ದಡ್ಡ ಹುಡುಗಿಗೆ ಬಿಡಿಸಿ ಹೇಳುವ ಹಾಗೆ ಹೇಳಿದ. "ನನಗೂ ನಿನಗೂ ಮಧ್ಯೆ ಬರಹದಲ್ಲಿ ಏನಾದ್ರೂ ಇದೆಯಾ? ಇಲ್ಲ. ಬರಹದಲ್ಲಿ ಇಲ್ಲದ್ದು ಇಲ್ಲ. ತಿಂಗಳ ಕೊನೆಗೆ ಹೊಲ ಖಾಲಿ ಇರಬೇಕು. ಸಹಿ ಹಾಕಿದರೆ ಗೆಣಸು ನಿಂದು. ಇಲ್ಲದಿದ್ದರೆ ಅದೂ ನನ್ನದೇ ಬೆಳೆ, ಕಾಗದ ಹೇಳುತ್ತಲ್ಲ."

ಪಿಲ್‌ನಮ್ ಕಾಗದದ ಬುಡದಲ್ಲಿ ಸಹಿಯ ಬದಲು ಒತ್ತಿದ್ದ ಮೂರು ಕೆಂಪು ಹೆಸರಿನ ಮುದ್ರೆಗಳನ್ನು ನೋಡುತ್ತಿದ್ದಳು. ಒಂದು ಅವಳ ಗಂಡ ಗಪ್ಸುವಿನದು. ಒಂದು ಊರ ಯಜಮಾನ ತಾಕ್‌ನದು. ಮೂರನೆಯದರ ಮೇಲೆ ಬೆರಳಿಟ್ಟು ನನ್ನತ್ತ ತಿರುಗಿದಳು.

"ಮಾಲ್ಜಾ ಅಂತದೆ. ಇದು ನಿನ್ನ ಹೆಸ್ರಲ್ವಾ ಅಕ್ಕ?"

ಬಗ್ಗಿ ನೋಡಿದೆ, ನನ್ನದೇ ಮುದ್ರೆ. ಅವಳು ಕಾಗದವನ್ನು ಒಡೆಯನ ಕೈಗಿಟ್ಟು, ಗುದ್ದಲಿ ಎತ್ತಿಕೊಂಡು ನನ್ನಿಂದ ನಾಲ್ಕು ಸಾಲು ದೂರ ಹೋಗಿ ಕೂತಳು.

ನಮ್ಮೆರಡು ಮನೆಯ ನಡುವಿನ ಗೋಡೆ ಸೊಂಟದೆತ್ತರ. ಅಂದು ಸಂಜೆ ಅವರ ಅಂಗಳದ ಜಗಳ ಪೂರ್ತಿ ಕೇಳಿಸಿತು. ಗಪ್ಸು ಸೊಂಟ ಮುರಿದು ಆರು ವರ್ಷವಾಗಿತ್ತು. ಊರುಗೋಲಿಲ್ಲದೆ ಏಳುತ್ತಿರಲಿಲ್ಲ.

"ಎಷ್ಟು ಬಾಟ್ಲಿಗೆ ಮಾರ್ದೆ ನನ್ನ?"

"ನಿನ್ನಾಣೆ ಕಣೆ, ನಾನು ಆ ಕಾಗ್ದಾನೇ ನೋಡಿಲ್ಲ."

"ಬೋಳಿಮಗನೆ, ನಿನ್ ಮುದ್ರೆ ಕಾಲು ಬಂದು ನಡ್ಕೊಂಡೋಯ್ತಾ?"

"ನೀನೇ ಒತ್ತಿರ್ಬೇಕು. ಮನೇಲಿ ಯಾವ್ದು ಎಲ್ಲಿ ಅದೆ ಅಂತ ನಿಂಗಲ್ವಾ ಗೊತ್ತಿರೋದು. ನನ್ನ ಬಿಟ್ಟು ಮಗಳ ಮನೆ ಸೇರ್ಕೊಳ್ಳೋ ಯೋಚ್ನೆ ಮಾಡಿದೀಯೇನೋ."

ಏನೋ ಒಡೆದ ಸದ್ದಾಯಿತು. ಆಮೇಲೆ ಪಿಲ್‌ನಮ್ ಮನೆಯೊಳಗೆ ಡ್ರಾಯರುಗಳನ್ನು ಎಳೆದು ಎಳೆದು ಹಾಕುವುದು ಕೇಳಿಸಿತು. ಮುದ್ರೆ ಮನೆಯಲ್ಲಿರಲಿಲ್ಲ. ನಾನು ಗೋಡೆಯ ಈಚೆ ನಿಂತು, ನನ್ನ ಮುದ್ರೆಯನ್ನು ಕೊನೆಗೆ ಯಾವಾಗ ಯಾರ ಕೈಗೆ ಕೊಟ್ಟೆ ಎಂದು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದೆ. ಗಪ್ಸುವಿನ ದನಿ ಈ ಸಲ ಸಣ್ಣಗೆ ಬಂತು.

"ಲೇ. ಗೊಬ್ಬರದ ಅರ್ಜಿ ಅಂತ ತಾಕ್ ಇಸ್ಕೊಂಡ್ನಲ್ಲ. ವಾಪಸ್ ಕೊಟ್ನಾ?"

ಕೊಟ್ಟಿರಲಿಲ್ಲ. ನನ್ನದನ್ನೂ ಕೊಟ್ಟಿರಲಿಲ್ಲ.

ಮರುದಿನ ಊರ ಸಭಾಮನೆಯಲ್ಲಿ ಹೆಂಗಸರೆಲ್ಲ ಬೆಚ್ಚನೆಯ ನೆಲದ ಮೇಲೆ ಹೂವಿನ ಚಿತ್ರದ ಇಸ್ಪೀಟೆಲೆ ಆಡುತ್ತಿದ್ದೆವು. ಪಿಲ್‌ನಮ್ ಕೆಸರುಗಾಲಲ್ಲೇ ಒಳಗೆ ಬಂದಳು. ನಮ್ಮಲ್ಲಿ ಹಾಗೆ ಯಾರೂ ಬರುವುದಿಲ್ಲ.

"ಮುದ್ರೆ ಡಬ್ಬಿ ತೆಗಿ," ಅಂದಳು, ಮೂಲೆಯಲ್ಲಿ ಕೂತಿದ್ದ ತಾಕ್‌ಗೆ.

"ಯಾವ ಡಬ್ಬಿ?"

ಅವಳೇ ಹೋಗಿ ಊರಿಗೆ ಸುದ್ದಿ ಸಾರುವ ಮೈಕಿನ ಕಪಾಟಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಯನ್ನು ಎಳೆದು ನಮ್ಮ ಎಲೆಗಳ ನಡುವೆ ಬೋರಲು ಹಾಕಿದಳು. ಬೆರಳುದ್ದದ ಮೂವತ್ತು ಮುದ್ರೆಗಳು ಉರುಳಾಡಿದವು. ಗಪ್ಸುವಿನದನ್ನು ಹುಡುಕಿ ತೆಗೆದು ಅದರ ತುದಿಯನ್ನು ಹೆಬ್ಬೆರಳಿಂದ ಒರೆಸಿದಳು. ಬೆರಳು ಕೆಂಪಾಯಿತು.

"ಒಂದೊಂದು ಚೀಲ ಗೊಬ್ಬರಕ್ಕೂ ಮನೆಮನೆ ಅಲೀಲಾ ನಾನು?" ಅಂದ ತಾಕ್. "ಹೆಡ್ಮೇಷ್ಟ್ರು ಈ ಮನೆಗೆ ಫ್ರಿಜ್ಜು ಕೊಡ್ಸಿದೋರು. ಅವ್ರು ಒಂದು ಸಣ್ಣ ಕೆಲ್ಸ ಕೇಳಿದ್ರೆ ಇಲ್ಲ ಅನ್ನಕಾಯ್ತದಾ?"

"ನಾಯಿ ನನ್ಮಗನೆ, ಒಂದು ಫ್ರಿಜ್ಜಿಗೆ ನನ್ನ ಹೊಲ ಹೋಯ್ತಾ?"

"ಬಾಯಿ ತೊಳ್ಕೊ. ನಿನ್ನ ಹೊಲ ಅಂತೆ. ಯಾವ ಕಾಗದದಲ್ಲಿ ಅದೆ ನಿನ್ನ ಹೆಸ್ರು? ಬರೋ ವರ್ಷ ಗೊಬ್ಬರ ಎಲ್ಲಿಂದ ತರ್ತೀಯೋ ನಾನೂ ನೋಡ್ತೀನಿ."

ಯಾರೂ ಎಲೆಯಿಂದ ತಲೆಯೆತ್ತಲಿಲ್ಲ. ನನ್ನ ಮುದ್ರೆ ನನ್ನ ಮೊಣಕಾಲಿಗೆ ತಾಗಿಕೊಂಡೇ ಬಿದ್ದಿತ್ತು. ನಾನು ಮೆಣಸಿನಕಾಯಿ ಹಾಕುವ ಹೊಲವೂ ಸೋಲ್‌ನ ದಂತವೈದ್ಯನೊಬ್ಬನದು. ನನಗೂ ಬರಹದಲ್ಲಿ ಏನೂ ಇಲ್ಲ. ಕೈ ಚಾಚಲಿಲ್ಲ. ತಾಕ್ ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕುವಾಗ ಅದೂ ಡಬ್ಬಿಗೆ ಹೋಯಿತು. ಪಿಲ್‌ನಮ್ ಬಾಗಿಲಲ್ಲಿ ನಿಂತು ಅದನ್ನು ನೋಡಿಯೇ ಹೋದಳು.

ಶನಿವಾರ ಕೊಳ್ಳುವವರು ಬಂದರು. ಗಂಡ ಸೋಲ್‌ನ ವಿಮಾ ಕಂಪನಿಯಲ್ಲಿ ಕೆಲಸ ಮಾಡುವವನು. ಹೆಂಡತಿ ಹೇವನ್, ಬಿಳಿ ಟೋಪಿ ಹಾಕಿದ್ದಳು. ಮುಯ್ಯಿ ತೀರಿರಲಿಲ್ಲವಾದ್ದರಿಂದ ನಾನೂ ಗೆಣಸು ಅಗೆಯಲು ಹೋಗಿದ್ದೆ. ಪಿಲ್‌ನಮ್ ನನ್ನೊಂದಿಗೆ ಮಾತಾಡಿರಲಿಲ್ಲ, ಬೇಡ ಅಂದೂ ಇರಲಿಲ್ಲ.

ಕೊಳ್ಳುವವರಿಗೂ ಎಲ್ಲದರ ಮೇಲೂ ಅನುಮಾನ. ಗಾಳಿ ತಿರುಗಿದರೆ ಹಂದಿಗೂಡಿನ ವಾಸನೆ ಬರುತ್ತದಾ, ಬಾವಿ ಬೇಸಿಗೆಯಲ್ಲಿ ಬತ್ತುತ್ತದಾ, ಬೆಳಗಿನ ರೈಲಿನಲ್ಲಿ ಕೂರಲು ಜಾಗ ಸಿಗುತ್ತದಾ ಎಂದು ಕೇಳುತ್ತಲೇ ಇದ್ದರು. ಹೇವನ್ ಒಂದು ಹಿಡಿ ಮಣ್ಣು ಮೂಸಿ ನೋಡಿದಳು.

"ಎಷ್ಟು ಮೆತ್ತಗಿದೆ," ಅಂದಳು. "ಈ ಅಮ್ಮಂದಿರು?"

"ಕೂಲಿಯವರು," ಅಂದ ಗು. "ನಾನು ತಗೊಂಡಾಗ ಬರೀ ಕಲ್ಲು ಹೊಲ ಇದು. ಒಂದೊಂದು ಕಲ್ಲನ್ನೂ ಈ ಕೈಯಿಂದಲೇ ಆಯ್ದೆ."

ಪಿಲ್‌ನಮ್ ತಲೆಯೆತ್ತದೆ ಕೇಳಿದಳು. "ಆಯ್ದ ಕಲ್ಲೆಲ್ಲ ಎಲ್ಲಿ ಹಾಕಿದ್ರಿ ಹೆಡ್ಮೇಷ್ಟ್ರೇ?"

ಗು ಸುತ್ತ ನೋಡಿದ. "ಹಳ್ಳಕ್ಕೆ."

ಅವಳು ಎದ್ದಳು. ಬಡಗಣ ಮೂಲೆಗೆ ಹೋಗಿ ಅಲ್ಲಿ ದಟ್ಟವಾಗಿ ಹಬ್ಬಿದ್ದ ಬಳ್ಳಿಯನ್ನು ಎರಡೂ ಕೈಯಿಂದ ಹಿಡಿದು ಸರಸರನೆ ಎಳೆದಳು. ಒಳಗೆ ಅವಳ ಭುಜದೆತ್ತರಕ್ಕೆ, ಹತ್ತು ಹೆಜ್ಜೆ ಉದ್ದಕ್ಕೆ, ಒಂದರ ಮೇಲೊಂದು ಜೋಡಿಸಿದ ಕಲ್ಲು.

"ಇಲ್ಲೇ ಅವೆ. ಹತ್ತೊಂಬತ್ತು ವರ್ಷದ್ದು. ಕೊನೇಲಿರೋ ಈ ದೊಡ್ಡದನ್ನ ಎಳೆಯುವಾಗ್ಲೇ ನನ್ ಗಂಡನ ಸೊಂಟ ಹೋಗಿದ್ದು. ಅವ್ನೂ ಕೂಲಿಯೋನೇ ಅಂತ ಬರ್ಕೊಳ್ಳಿ."

ಗು ಬೂಟಿನ ತುದಿ ನೋಡಿಕೊಂಡ. ಹೇವನ್‌ಳ ಗಂಡ ಕಲ್ಲನ್ನು ನೋಡಿದ, ಗುವನ್ನು ನೋಡಿದ, ಅವನ ತೋಳು ಹಿಡಿದು ಪರ್ಸಿಮನ್ ಹಣ್ಣಿನ ಮರದ ಕೆಳಗೆ ಕರೆದೊಯ್ದ. ಅನ್ಯಾಯ ಕೇಳುತ್ತಾನೆ ಅಂದುಕೊಂಡು ನಾನು ಗುದ್ದಲಿ ನಿಲ್ಲಿಸಿ ಕಿವಿಗೊಟ್ಟೆ.

"ಈಯಮ್ಮ ತೆರಿಗೆ ಆಫೀಸಿಗೆ ಹೋದ್ರೆ ಕಷ್ಟ ನಿಮಗೇ ಅಲ್ವಾ ಸಾರ್," ಅನ್ನುತ್ತಿದ್ದ ಅವನು. "ರೇಟಿನಲ್ಲಿ ಸ್ವಲ್ಪ ನೋಡಿ."

ಮರದ ಕೆಳಗೆ ಹೊಲದ ಬೆಲೆ ಇಳಿಯುತ್ತಿದ್ದಾಗ ಹೇವನ್ ಟೋಪಿ ತೆಗೆದು ಪಿಲ್‌ನಮ್ ಪಕ್ಕ ಬಂದು ಕೂತಳು. ಮಾತು ಮೃದುವಾಗಿತ್ತು.

"ಬೇಜಾರು ಮಾಡ್ಕೋಬೇಡಿ ಅಮ್ಮ. ಮುಂದಿನ ಅರ್ಧಕ್ಕೆ ಮಣ್ಣು ತುಂಬಿಸಿ ಮನೆ ಕಟ್ತೀವಿ. ಹಿಂದಿನರ್ಧ ನೀವೇ ಮಾಡ್ಕೊಂಡು ಹೋಗಿ. ದಿನಾ ಸೋಲ್‌ಗೆ ಓಡಾಡೋರು ನಾವು, ನಮಗೆಲ್ಲಿ ಪುರುಸೊತ್ತು?"

"ಬರ್ದು ಕೊಡ್ತೀರಾ?"

"ಬರೆಯೋಕೆ ಆಗಲ್ಲಮ್ಮ. ಬೇಸಾಯ ಮಾಡೋರಿಗೆ ಮಾತ್ರ ಹೊಲ ಕೊಳ್ಳೋಕೆ ಬಿಡೋದು. ಹಾಗಾಗಿ ಕಾಗದದಲ್ಲಿ ನಾವೇ ಮಾಡ್ತೀವಿ ಅಂತಿರಬೇಕು. ನೀವು ಸಹಾಯಕ್ಕೆ ಬರೋರು ಅಂತ... ಬರೀ ಕಾಗದಕ್ಕೆ ಅಷ್ಟೇ."

ಪಿಲ್‌ನಮ್ ಅವಳ ತೊಳೆದ ಕೈಗಳನ್ನೇ ನೋಡಿದಳು.

"ಹೊರಡಿ," ಅಂದಳು. "ಸ್ಟೇಷನ್ನಿಗೆ ಹನ್ನೊಂದು ನಿಮಿಷ ಬೇಕು."

ಸಹಿ ಹಾಕದೆಯೇ ಗೆಣಸು ಮನೆ ಸೇರಿಸಿದ ಮೇಲೂ ಪಿಲ್‌ನಮ್ ಹೊಲ ಬಿಡಲಿಲ್ಲ. ಗಪ್ಸುವನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಬಂದಳು. ಅವನ ತೊಡೆಯ ಮೇಲೆ ಎರಡು ಚೀಲ ಬೆಳ್ಳುಳ್ಳಿ ಬೀಜ. ಬೆಳ್ಳುಳ್ಳಿ ಒಮ್ಮೆ ಊರಿದರೆ ಜೂನ್‌ವರೆಗೆ ನೆಲದಲ್ಲಿರುತ್ತದೆ. ಹೊಲ ಯಾರದೇ ಇರಲಿ, ಊರಿದ ಬೆಳೆ ಊರಿದವರದು, ಅದನ್ನು ಕೀಳಿಸಲು ಒಡೆಯನೂ ಕೋರ್ಟಿಗೇ ಹೋಗಬೇಕು ಎಂದು ರೈತ ಸಂಘದವನೊಬ್ಬ ಅವಳಿಗೆ ಹೇಳಿದ್ದನಂತೆ. ಅವನ ಮಾತಿನ ಮೇಲೂ ಅವಳಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಗಪ್ಸು ಸಾಲಿನ ತಲೆಯಲ್ಲಿ ಕೂತು ಎಸಳು ಬಿಡಿಸಿ ಕೊಡುತ್ತಿದ್ದ, ಅವಳು ಊರುತ್ತಾ ಹೋದಳು. ಗು ದಿನಕ್ಕೆ ಹತ್ತು ಸಲ ಫೋನು ಮಾಡಿದ. ಅವಳು ಮೊಬೈಲನ್ನು ಬೀಜದ ಚೀಲದೊಳಗೆ ಹಾಕಿಬಿಟ್ಟಳು. ಅದು ಅಲ್ಲೇ ಗುಂಯ್‌ಗುಡುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ನಾನು ಮನೆ ಮುಂದೆ ಮೆಣಸಿನಕಾಯಿ ಹರವುತ್ತಿದ್ದೆ. ಮಣ್ಣು ತುಂಬಿದ ಟಿಪ್ಪರ್ ಲಾರಿಯೊಂದು ಸಂದಿ ಹಿಡಿದು ಆ ಹೊಲದ ಕಡೆ ತಿರುಗಿತು. ನಾನು ಮೊರ ಕೆಳಗಿಟ್ಟೆ. ಸಭಾಮನೆಯ ಜಗಲಿಯಲ್ಲಿ ತಾಕ್ ನಿಂತಿದ್ದ. "ಎಲ್ಲಿಗಮ್ಮ ಮಾಲ್ಜಾ?" ಅಂದ. ನಿಲ್ಲದೆ ಹೋದೆ.

ಲಾರಿ ಹಿಮ್ಮುಖವಾಗಿ ಬದು ಹತ್ತಿ ನಿಂತಿತ್ತು. ಪಿಲ್‌ನಮ್ ಅದಕ್ಕೆ ಬೆನ್ನು ಹಾಕಿ ಊರುತ್ತಲೇ ಇದ್ದಳು. ನಾನು ಅವಳ ಪಕ್ಕದ ಸಾಲಿನಲ್ಲಿ ಕೂತೆ. ಅವಳು ನನ್ನ ಕಡೆ ನೋಡಲಿಲ್ಲ.

"ಬುಡ ಕೆಳಕ್ಕೆ. ಎರಡು ಬೆರಳು ಆಳ," ಅಂದಳು, ಹೊಸಬಳಿಗೆ ಹೇಳುವ ಹಾಗೆ.

"ಗೊತ್ತು."

"ಗೊತ್ತಿದ್ರೆ ಮಾಡು."

ಚಾಲಕ ಇಳಿದು ಬಂದ. ನಮ್ಮ ವಯಸ್ಸಿನವನೇ. ಸ್ವಲ್ಪ ಹೊತ್ತು ನೋಡಿ ಮೊಬೈಲು ಕಿವಿಗಿಟ್ಟ.

"ಖಾಲಿ ಹೊಲ ಅಂದಿದ್ರಲ್ಲ ಸಾರ್. ಇಲ್ಲಿ ಮೂರು ಜನ ಅವ್ರೆ."

ಆ ಕಡೆಯಿಂದ ಮ್ಯಾಂಗ್‌ನ ದನಿ ನಮಗೂ ಕೇಳಿಸಿತು. "ಕೂಲಿಯೋರು ಕಣಯ್ಯ. ಹಾರ್ನ್ ಹೊಡಿ, ಏಳ್ತಾರೆ."

ಚಾಲಕ ಹತ್ತಿ ಕೂತು ಹಾರ್ನ್ ಹೊಡೆದ. ಗಪ್ಸು ಒಂದು ಗಡ್ಡೆ ಬಿಡಿಸಿ ಎಸಳುಗಳನ್ನು ನನ್ನ ಅಂಗೈಗೆ ಸುರಿದ. ಹಾರ್ನ್ ನಿಂತು ಮತ್ತೆ ಶುರುವಾಯಿತು. ಆಮೇಲೆ ಹಾರ್ನಿನ ಬದಲು ಬೇರೆ ಸದ್ದು ಬಂತು, ಲಾರಿಯ ಹಿಂಭಾಗ ಮೇಲೇಳುವ ಸದ್ದು. ಮೊದಲ ಹೆಂಟೆ ನಮ್ಮ ಬೆನ್ನ ಹಿಂದಿನ ಸಾಲಿಗೆ ಬಿತ್ತು. ನಾವು ಮೂವರೂ ತಿರುಗಲಿಲ್ಲ. ನಾನು ಎರಡು ಬೆರಳು ಮಣ್ಣಿಗೆ ಇಳಿಸಿ, ಎಸಳಿನ ಬುಡ ಕೆಳಕ್ಕೆ ಮಾಡಿ ಒತ್ತಿದೆ.