ಡಿಬ್ರುಗಢಕ್ಕೆ ಎರಡು ಸೀಟು

ನಾನು ಒಂದು ಕಾರ್ಡು. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ತುಂಡು. ನಿಮಗೆಲ್ಲ ಹುಟ್ಟಿದ ದಿನ ಗೊತ್ತಿರುತ್ತದೆ, ಸಾಯುವ ದಿನ ಗೊತ್ತಿರುವುದಿಲ್ಲ. ಪುಣ್ಯವಂತರು. ನನಗೆ ಹುಟ್ಟಿದ ಗಳಿಗೆಯಲ್ಲೇ ಸಾಯುವ ತಿಂಗಳನ್ನು ಮೈಮೇಲೆ ಒತ್ತಿಬಿಟ್ಟರು. ಐದೇ ವರ್ಷ ಆಯಸ್ಸು.

ಹುಟ್ಟಿದ್ದು ಒಂದು ಯಂತ್ರದ ಬಾಯಲ್ಲಿ. ಬೆನ್ನಿಗೆ ಗುದ್ದಿ ಗುದ್ದಿ ಮುಂದೆ ಅಕ್ಷರ ಉಬ್ಬಿಸಿದರು. ಇಂದುಮತಿ ಟಿ. ಎಸ್. ಅಂತ, ಇಂಗ್ಲಿಷಿನಲ್ಲಿ. ನೋವಾಯಿತು, ಸುಳ್ಳು ಯಾಕೆ ಹೇಳಲಿ? ಆದರೆ ಆ ಉಬ್ಬಿದ ಹೆಸರೇ ಮುಂದೆ ನನ್ನ ಬಾಳಿನಲ್ಲಿ ಕೆಲಸಕ್ಕೆ ಬಂದದ್ದು. ಮೂಲೆಯಲ್ಲೊಂದು ಪುಟ್ಟ ವಿಮಾನದ ಚಿತ್ರವೂ ಇತ್ತು. ನಾನು ಬರೀ ಸಾಲದ ಕಾರ್ಡಲ್ಲ, ಪ್ರಯಾಣದ ಪಾಯಿಂಟ್ಸ್ ಕೊಡುವ ಕಾರ್ಡು ಎಂದು ಆಗ ನನಗೆ ಭಾರಿ ಜಂಬ.

ಟಪಾಲಿನಲ್ಲಿ ತುಮಕೂರಿಗೆ ಬಂದೆ. ಲಕೋಟೆ ಹರಿದು ನನ್ನನ್ನು ಎತ್ತಿಕೊಂಡ ಕೈಗೆ ಬೆಲ್ಲ, ಏಲಕ್ಕಿ ವಾಸನೆ ಇತ್ತು. ಅದೇ ಇಂದುಮತಿಯ ಕೈ. ಬೀದಿಗೆಲ್ಲ ಅವಳು ಇಂದಕ್ಕ. ಐವತ್ತರ ಹತ್ತಿರದ ವಯಸ್ಸು, ಗಂಡ ಕಾಲವಾಗಿ ಬಹಳ ವರ್ಷವಾಗಿತ್ತು. ಮದುವೆ, ಗೃಹಪ್ರವೇಶಗಳಿಗೆ ಒಬ್ಬಟ್ಟು, ಕಜ್ಜಾಯ ಮಾಡಿಕೊಡುವ ಕೆಲಸ. ಜೊತೆಗೆ ತಾಯಿ ಸಿದ್ಧಗಂಗಮ್ಮ, ಕಣ್ಣಿಗೆ ಪೊರೆ ಬಂದ ಮುದುಕಿ. ಮನೆಯಲ್ಲಿ ಇವರಿಬ್ಬರೇ. ಮೂರನೆಯವಳು ಇದ್ದದ್ದು ಭೂಪಟದ ಇನ್ನೊಂದು ತುದಿಯಲ್ಲಿ.

ಅವಳು ಕುಮುದ, ಇಂದಕ್ಕನ ತಂಗಿ. ಗಂಡ ರುದ್ರೇಶನಿಗೆ ಅಸ್ಸಾಮಿನ ಎಣ್ಣೆ ಬಾವಿಯಲ್ಲಿ ಕೆಲಸ, ಸಂಸಾರ ಡಿಬ್ರುಗಢದಲ್ಲಿ. ಮೊದಲೆಲ್ಲ ಎರಡು ವರ್ಷಕ್ಕೊಮ್ಮೆ ರೈಲಿನಲ್ಲಿ ಬರುತ್ತಿದ್ದಳಂತೆ. ಆಮೇಲೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಂಥವಳು ಮೂರು ದಿನದ ರೈಲು ಹತ್ತುವುದು ಹೇಗೆ? ಇವರೇ ಹೋಗಬೇಕು. ಸಿದ್ಧಗಂಗಮ್ಮನಿಗೂ ಅಷ್ಟು ದಿನ ರೈಲಿನಲ್ಲಿ ಕೂರುವ ಸೊಂಟವಿಲ್ಲ. ಫೋನಿನಲ್ಲಿ ಮುಖ ತೋರಿಸಿದರೆ ಅವರಿಗೆ ಬರೀ ಬೆಳಕು ಕಾಣುತ್ತಿತ್ತು. ಮಗಳ ತಲೆ ಒಂದು ಸಲ ಸವರಬೇಕು, ಇನ್ನೇನೂ ಬೇಡ ಎನ್ನುತ್ತಿದ್ದರು.

ಅದಕ್ಕೇ ನಾನು ಬಂದದ್ದು. ಇಬ್ಬರು ವಿಮಾನದಲ್ಲಿ ಹೋಗಿ ಬರಲು ನಲವತ್ತು ಸಾವಿರ ಪಾಯಿಂಟ್ಸ್ ಬೇಕಿತ್ತು. ತಲೆಗೆ ಇಪ್ಪತ್ತು ಸಾವಿರ. ಬೇಳೆ, ಬೆಲ್ಲ, ಮೈದಾ ಹೇಗೂ ಮೂಟೆಗಟ್ಟಲೆ ತರಬೇಕು, ಅದನ್ನೇ ಕಾರ್ಡಿನಲ್ಲಿ ತಂದರೆ ಹನಿಗೂಡಿ ಹಳ್ಳವಾಗುತ್ತದೆ ಅಂತ ಇಂದಕ್ಕನ ಯೋಚನೆ.

ಸುದ್ದಿ ಬೀದಿಗೂ ಹಬ್ಬಿತು. ಯಾರ ಮನೆಗೆ ಏನು ತಂದರೂ ನನ್ನನ್ನು ಉಜ್ಜುವುದು, ದುಡ್ಡನ್ನು ಇಂದಕ್ಕನ ಕೈಗೆ ಕೊಡುವುದು. ಮೇಷ್ಟ್ರ ಮನೆಯ ಗೀಸರ್, ಬೈಕ್ ಟೈರು, ಕನ್ನಡಕ, ಎಲ್ಲದಕ್ಕೂ ನಾನೇ. ಎದುರುಮನೆಯಲ್ಲಿ ಬಟ್ಟೆ ಹೊಲಿಯುವ ಜಬೀನಾ ಅಂತೂ ಒಂದು ರೀಲು ದಾರಕ್ಕೂ ನನ್ನನ್ನೇ ಕೇಳುತ್ತಿದ್ದಳು. ಯಾರದೋ ಮನೆಯ ಮಿಕ್ಸಿಯಿಂದ ಯಾರೋ ತಂಗಿಯನ್ನು ನೋಡಲು ಹೋಗುತ್ತಾರೆ ಅಂದರೆ ನಗಬೇಡಿ. ಬೀದಿಗೆ ಬೀದಿಯೇ ಆ ಪ್ರಯಾಣಕ್ಕೆ ಕೈಹಚ್ಚಿತ್ತು.

ಮಧ್ಯಾಹ್ನ ನಾಲ್ಕಕ್ಕೆ ಕೆಲಸ ತೀರಿಸಿ ಇಂದಕ್ಕ ಫೋನು ಹಿಡಿಯುತ್ತಿದ್ದಳು. ಅತ್ತ ಕುಮುದ ಡಯಾಲಿಸಿಸ್ ಹಾಸಿಗೆಯಲ್ಲೋ ಮನೆಯಲ್ಲೋ ಮಲಗಿರುತ್ತಿದ್ದಳು. ಮೊದಲ ಮಾತೇ, ಎಷ್ಟಾಯ್ತಕ್ಕಾ? ಅಕ್ಕ ಲೆಕ್ಕ ಹೇಳುತ್ತಿರಲಿಲ್ಲ, ಊರು ಹೇಳುತ್ತಿದ್ದಳು. ಒಂದಷ್ಟು ಪಾಯಿಂಟಿಗೆ ಒಂದೂರು ಅಂತ ಇಬ್ಬರೂ ಮಾಡಿಕೊಂಡ ಆಟ. ಇವತ್ತು ಗೀಸರ್ ಪುಣ್ಯದಿಂದ ಓಂಗೋಲು ದಾಟಿದ್ವಿ ಕಣೇ, ಜಬೀನಾ ಹೊಲಿಗೆ ಮೆಷಿನ್ನು ತಗೊಂಡ್ರೆ ನಾಳೆ ವಿಜಯವಾಡ. ಕುಮುದ ಹಳೇ ಕ್ಯಾಲೆಂಡರಿನ ಹಿಂದೆ ಭೂಪಟ ಬರೆದುಕೊಂಡು, ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದಳಂತೆ. ಅಲ್ಲಿನ ನರ್ಸುಗಳು ಕೂಡ, ನಿಮ್ಮಕ್ಕ ಎಲ್ಲಿಗೆ ಬಂದ್ರು ಎಂದು ಕೇಳುವಷ್ಟಾಯಿತು.

ಗೆರೆ ಹಿಂದಕ್ಕೂ ಬರುತ್ತಿತ್ತು. ಅದು ನನ್ನನ್ನು ಹೆತ್ತ ಬ್ಯಾಂಕಿನವರ ಕೆಲಸ. ಎರಡನೇ ವರ್ಷ ಒಂದು ಸೀಟಿಗೆ ಇಪ್ಪತ್ತು ಇದ್ದದ್ದು ಇಪ್ಪತ್ತೇಳಾಯಿತು. ನಿಮ್ಮ ಅನುಭವ ಇನ್ನಷ್ಟು ಚೆನ್ನಾಗಿರಲಿ ಅಂತ ಬದಲಾಯಿಸಿದ್ದೇವೆ ಎಂದು ಮೆಸೇಜು ಬೇರೆ. ನಾಚಿಕೆ ಎಂಬುದು ಬೇಡವೇ? ನಾಲ್ಕನೇ ವರ್ಷ ಮೂವತ್ತಾರಾಯಿತು. ಆ ದಿನ ಇಂದಕ್ಕನ ದನಿ ಬಿದ್ದುಹೋಗಿತ್ತು. ಕೊಲ್ಕತ್ತಾ ತಲುಪಿದ್ದೋರು ಮತ್ತೆ ವಿಶಾಖಪಟ್ಟಣಕ್ಕೆ ಬಂದು ಬಿದ್ವಿ ಎಂದಳು. ಅತ್ತಲಿಂದ ಕುಮುದ ನಕ್ಕಳು. ಸಮುದ್ರ ಚೆನ್ನಾಗಿದೆ, ಎರಡು ದಿನ ಇದ್ದು ಬಾ ಅಕ್ಕಾ ಎಂದಳು. ಅವತ್ತು ಇಬ್ಬರೂ ಒಂದು ಗಂಟೆ ಮಾತಾಡಿದರು. ನನ್ನ ಬೆಲೆ ಇಳಿದಷ್ಟೂ ಇವರ ಮಾತು ಬೆಳೆಯುತ್ತಿತ್ತು. ಪಾಯಿಂಟ್ಸ್ ಇಲ್ಲದಿದ್ದರೆ ಈ ಅಕ್ಕತಂಗಿ ದಿನಾ ಏನು ಮಾತಾಡುತ್ತಿದ್ದರು? ಇವತ್ತು ಎಷ್ಟು ನೋವು, ಎಷ್ಟು ಮಾತ್ರೆ ಅಂತಲೇ ತಾನೆ? ಆ ಒಂದು ಉಪಕಾರ ನಾನು ಮಾಡಿದ್ದೇನೆ. ಅದನ್ನು ಯಾವ ಬ್ಯಾಂಕೂ ಕಡಿತ ಮಾಡಲಾಗದು.

ಒಬ್ಬರಿಗೆ ಸಾಲುವಷ್ಟು ಯಾವತ್ತೋ ಆಗಿತ್ತು. ಜಬೀನಾ ಎಷ್ಟೋ ಸಲ ಹೇಳಿದಳು, ನೀವೊಬ್ರೇ ಹೋಗ್ಬನ್ನಿ ಅಕ್ಕಾ ಎಂದು. ಅವ್ವನ್ನ ಬಿಟ್ಟು ಹೋಗಿ ನಾನೇನು ಮುಖ ತೋರಿಸಲಿ, ಹೋದರೆ ಇಬ್ಬರೂ ಎಂದು ಇಂದಕ್ಕನ ಹಟ.

ಐದನೇ ವರ್ಷದ ಜುಲೈ ಹತ್ತೊಂಬತ್ತು. ಮೂಟೆ ಬೆಲ್ಲಕ್ಕೆ ನನ್ನನ್ನು ಉಜ್ಜಿ ಬಂದ ಇಂದಕ್ಕ ಮೊಬೈಲು ನೋಡಿದಳು. ಎಪ್ಪತ್ತೆರಡು ಸಾವಿರದ ಇನ್ನೂರು. ಎರಡು ಸೀಟು! ನಾಲ್ಕಾಗುವ ತನಕ ಕಾಯಲಿಲ್ಲ.

"ಡಿಬ್ರುಗಢಕ್ಕೆ ಬಂದ್ವಿ ಕಣೇ. ಬಾಗಿಲು ತೆಗಿ."

ಅತ್ತಲಿಂದ ಕುಮುದ, ತೆಗೆದೆ, ಚಪ್ಪಲಿ ಬಿಟ್ಟು ಒಳಗೆ ಬನ್ನಿ ಎಂದಳು. ಇಬ್ಬರೂ ಅತ್ತರು, ನಕ್ಕರು. ಟಿಕೆಟ್ ಯಾವಾಗಕ್ಕೆ ಎಂದು ಅವಳು ಕೇಳಿದಾಗ ಇಂದಕ್ಕ, ಶ್ರಾವಣದ ಆರ್ಡರು ಒಪ್ಪಿಕೊಂಡಿದ್ದೀನಿ, ವರಮಹಾಲಕ್ಷ್ಮಿ, ಗೌರಿಹಬ್ಬ ಕಳೀಲಿ, ದಸರಾಕ್ಕೆ ಬಂದು ಹದಿನೈದು ದಿನ ಇರ್ತೀವಿ ಎಂದಳು. ಕಾಯ್ತೀನಿ ಅಕ್ಕಾ ಎಂದಳು ಕುಮುದ. ನಾಳೆ ಅಂದವನ ಮನೆ ಹಾಳು ಅಂತ ಸಿದ್ಧಗಂಗಮ್ಮ ದಿನಕ್ಕೆ ಹತ್ತು ಸಲ ಹೇಳುವವರು. ಆ ದಿನ ಮಾತ್ರ ಹೇಳಲಿಲ್ಲ.

ಜುಲೈ ಕೊನೆಗೆ ಇನ್ನೊಂದು ಮೆಸೇಜು ಬಂತು. ಸೀರೆ ರಿಯಾಯಿತಿಯ ಜಾಹೀರಾತುಗಳ ನಡುವೆ ಅದೂ ಒಂದು. ಇಂದಕ್ಕನ ಕೈಯಲ್ಲಿ ಕಣಕ ಮೆತ್ತಿತ್ತು, ಓದಲಿಲ್ಲ. ನನಗೆ ಬಾಯಿದ್ದಿದ್ದರೆ ಕಿರುಚುತ್ತಿದ್ದೆ.

ಆಗಸ್ಟ್ ಎರಡನೇ ವಾರ ಬೆಳಿಗ್ಗೆ ರುದ್ರೇಶನ ಫೋನು. ಕುಮುದನಿಗೆ ಸೋಂಕು ರಕ್ತಕ್ಕೇರಿದೆ, ನೋಡಲು ಬರುವವರಿದ್ದರೆ ಬರಲಿ ಅಂತ ಡಾಕ್ಟರು ಅಂದಿದ್ದಾರೆ ಎಂದ. ಅಸ್ಸಾಮಿನಲ್ಲಿ ಪ್ರವಾಹ, ರೈಲು ದಾರಿ ನೀರಿನಲ್ಲಿ ಮುಳುಗಿತ್ತು. ಜನವೆಲ್ಲ ವಿಮಾನಕ್ಕೇ ಮುಗಿಬಿದ್ದಿದ್ದರು. ಇಂದಕ್ಕ ನನ್ನ ನಂಬರು ಓದಿ ಕಸ್ಟಮರ್ ಕೇರಿನ ಹುಡುಗಿಗೆ ಹೇಳಿದಳು. ಮಾರನೆಯ ದಿನದ ವಿಮಾನದಲ್ಲಿ ಉಳಿದದ್ದೇ ಎರಡು ಸೀಟು. ಆದರೆ ಈ ತಿಂಗಳಿಂದ ಒಬ್ಬರಿಗೆ ನಲವತ್ತೈದು ಸಾವಿರ ಮೇಡಂ, ನಿಮ್ಮಲ್ಲಿ ಒಬ್ಬರಿಗಷ್ಟೇ ಆಗುತ್ತೆ ಎಂದಳು ಆಕೆ, ಪಾಪ, ಮೆಲ್ಲಗೆ. ಇನ್ನೊಂದಕ್ಕೆ ಇದೇ ಕಾರ್ಡಲ್ಲಿ ದುಡ್ಡು ಹಾಕ್ಕೊಳ್ಳಿ ಎಂದಳು ಇಂದಕ್ಕ. ಕಾರ್ಡಿನ ಮಿತಿ ಮುಗಿದಿದೆಯಲ್ಲ ಮೇಡಂ.

ಮುಗಿದಿತ್ತು. ಜಬೀನಾಳ ಮಗಳು ಶಿಫಾಳ ಮದುವೆಗೆ ಫ್ರಿಜ್ಜು, ಮಂಚ, ಬೀರು, ಎಲ್ಲದಕ್ಕೂ ಹಿಂದಿನ ವಾರ ನಾನೇ ಹೋಗಿದ್ದೆ. ಪಾಯಿಂಟ್ಸ್ ಬರುತ್ತೆ ಅಂತ ಕುಣಿಯುತ್ತ ಹೋಗಿದ್ದೆ. ಜಬೀನಾ ಕೊಟ್ಟ ನೋಟುಗಳು ಇನ್ನೂ ಸ್ಟೀಲ್ ಡಬ್ಬಿಯಲ್ಲೇ ಇದ್ದವು.

ಯಾರ ಹೆಸರಿಗೆ ಬುಕ್ ಮಾಡಲಿ ಎಂದು ಹುಡುಗಿ ಕೇಳಿದಳು. ಗೋಡೆಗೊರಗಿ ಕೂತಿದ್ದ ಸಿದ್ಧಗಂಗಮ್ಮ, ನೀನೇ ಹೋಗು ಮಗಾ, ನಿನ್ನ ಐದು ವರ್ಷದ ಬೆವರು ಅದು ಎಂದರು. ಇಂದಕ್ಕ ಅವರನ್ನೇ ನೋಡಿದಳು.

"ಸಿದ್ಧಗಂಗಮ್ಮ ಅಂತ ಬರ್ಕೊಳ್ಳಿ," ಎಂದಳು.

ಆಮೇಲೆ ಡಬ್ಬಿಯನ್ನೇ ಕಂಕುಳಲ್ಲಿ ಇರುಕಿಕೊಂಡು ಆಟೋ ಹತ್ತಿ ಟ್ರಾವೆಲ್ ಆಫೀಸಿಗೆ ಓಡಿದಳು. ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಎರಡನೇ ಸೀಟು ಯಾರದೋ ಪಾಲಾಗಿತ್ತು. ಮುಂದಿನದು ಐದನೇ ದಿನಕ್ಕೆ. ಅದನ್ನೇ ತೆಗೆದುಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದು ಹೊಟ್ಟೆ ಹಸಿದವನ ಮಾತು. ಇವಳಿಗಾದದ್ದಕ್ಕೆ ನನಗೆ ಗಾದೆ ಗೊತ್ತಿಲ್ಲ.

ವಿಮಾನ ನಿಲ್ದಾಣದಲ್ಲಿ ಪಾಯಿಂಟ್ಸ್ ಯಾವ ಕಾರ್ಡಿನದು ಎಂದು ಕೇಳಿದರೆ ಇರಲಿ ಅಂತ ನನ್ನನ್ನು ಸಿದ್ಧಗಂಗಮ್ಮನ ಎಲೆಅಡಿಕೆ ಚೀಲಕ್ಕೆ ಹಾಕಿದಳು. ಹೆಸರು, ಫೋನ್ ನಂಬರು ಬರೆದ ಚೀಟಿಯನ್ನು ಸೆರಗಿಗೆ ಪಿನ್ನು ಮಾಡಿದಳು. ಹಿಂದೆಯೇ ಬರ್ತೀನಿ ಅಂತ ಹೇಳವ್ವ ಎಂದಳು. ಗಾಲಿಕುರ್ಚಿ ಒಳಗೆ ಹೋಗುವವರೆಗೂ ಗಾಜಿಗೆ ಹಣೆಯೊತ್ತಿ ನಿಂತಿದ್ದಳು.

ಕನ್ನಡ ಬಿಟ್ಟು ಇನ್ನೊಂದು ಭಾಷೆ ಬಾರದ ಮುದುಕಿ ಕೊಲ್ಕತ್ತಾದಲ್ಲಿ ವಿಮಾನ ಬದಲಾಯಿಸಿತು. ಯಾರ‍್ಯಾರೋ ಕುರ್ಚಿ ತಳ್ಳಿದರು, ಯಾರೋ ನೀರು ಕೊಟ್ಟರು. ಸಿದ್ಧಗಂಗಮ್ಮ ದಾರಿಯುದ್ದಕ್ಕೂ ಚೀಲದ ಮೇಲಿಂದಲೇ ನನ್ನನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಸುಣ್ಣ, ಅಡಿಕೆ ಚೂರಿನ ನಡುವೆ ನಾನೂ ಮೊದಲ ಸಲ ಹಾರಿದೆ. ಮೈಮೇಲೆ ವಿಮಾನದ ಚಿತ್ರ ಹೊತ್ತವನು ನಾನು. ಹಾರುವುದರಲ್ಲಿ ಸುಖವೇನೂ ಕಾಣಲಿಲ್ಲ.

ರುದ್ರೇಶ ನಿಲ್ದಾಣದಿಂದ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋದ. ಕುಮುದನಿಗೆ ಪ್ರಜ್ಞೆ ಇತ್ತು. ಸಿದ್ಧಗಂಗಮ್ಮ ತಡಕಾಡಿ ಮಗಳ ತಲೆ ಹುಡುಕಿದರು. ಉದುರಿ ತೆಳ್ಳಗಾದ ಕೂದಲನ್ನು ಸವರಿದರು, ಹಣೆ ಸವರಿದರು, ಕಿವಿ ಮುಟ್ಟಿ ನೋಡಿದರು. ಕುಮುದ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಅಕ್ಕ ಎಲ್ಲವ್ವ?"

ಹಿಂದೆ ಬರ್ತಾಳೆ ಕಣೇ ಎಂದರು. ಆಮೇಲೆ ಚೀಲ ಬಿಚ್ಚಿ ನನ್ನನ್ನು ತೆಗೆದು, ಸೆರಗಿನಿಂದ ಸುಣ್ಣ ಒರೆಸಿ, ಮಗಳ ಅಂಗೈಯಲ್ಲಿ ಇಟ್ಟರು. ಅವಳೇ ಕೊಟ್ಟು ಕಳಿಸಿದ್ದು ಎಂದರು. ಸೂಜಿ ಚುಚ್ಚಿ ಚುಚ್ಚಿ ಊದಿದ ಕೈ ಅದು. ಕುಮುದ ನನ್ನ ಮೇಲೆ ಹೆಬ್ಬೆರಳು ಆಡಿಸಿದಳು. ಉಬ್ಬಿದ ಅಕ್ಷರಗಳ ಮೇಲೆ, ಒಂದೊಂದಾಗಿ, ಅಕ್ಕನ ಹೆಸರು ಮುಗಿಯುವವರೆಗೆ. ಮುಗಿದ ಮೇಲೆ ಮತ್ತೆ ಮೊದಲಿಂದ. ನನ್ನನ್ನು ಸಾವಿರಾರು ಸಲ ಉಜ್ಜಿದ್ದಾರೆ, ಯಾರೂ ಹಾಗೆ ಓದಿರಲಿಲ್ಲ.

ಎರಡು ದಿನ ಆ ಮುಷ್ಟಿಯಲ್ಲೇ ಇದ್ದೆ. ಎರಡೂ ದಿನ ಅವ್ವ ತಲೆ ಸವರುತ್ತಲೇ ಕೂತಿದ್ದರು. ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಕುಮುದ ಹೋದಳು. ಬೆರಳು ಬಿಡಿಸಿ ನನ್ನನ್ನು ತೆಗೆದದ್ದು ಅವ್ವನೇ. ಅಕ್ಕನಿಗಾಗಿ ಇನ್ನೆರಡು ದಿನ ಹೆಣ ಇಡುವುದು ಆಗದ ಮಾತಾಗಿತ್ತು. ಅಲ್ಲೇ ಮಣ್ಣು ಮಾಡಿದರು.

ಇಂದಕ್ಕ ತನ್ನ ಟಿಕೆಟ್ ರದ್ದು ಮಾಡಿಸಿದಳು. ಅವ್ವ ಮರಳಿದ ದಿನ ನಿಲ್ದಾಣದಲ್ಲಿ ಅವರನ್ನು ತಬ್ಬಿಕೊಂಡು ಅವಳು ಕೇಳಿದ್ದು ಒಂದೇ ಮಾತು. ತಲೆ ಸವರಿದೆಯೇನವ್ವ? ಸವರಿದೆ ಮಗಾ, ನಿನ್ನ ಹೆಸರು ಹಿಡ್ಕೊಂಡೇ ಹೋದ್ಲು ಎಂದರು ಅವ್ವ. ರುದ್ರೇಶ ಕೊಟ್ಟಿದ್ದ ಕಾಗದದ ಸುರುಳಿಯನ್ನೂ ತಂದಿದ್ದರು. ಅದೇ ಆ ಕ್ಯಾಲೆಂಡರ್ ಹಾಳೆ. ಇಂದಕ್ಕ ಬಿಚ್ಚಲಿಲ್ಲ, ಅಟ್ಟಕ್ಕೆ ಸೇರಿಸಿದಳು. ನಾಲ್ಕು ಗಂಟೆಗೆ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುವುದು ಎಷ್ಟೋ ತಿಂಗಳು ನಡೆಯಿತು.

ಅಷ್ಟರಲ್ಲಿ ನನ್ನ ತಿಂಗಳೂ ಬಂತು. ಹೊಸ ಕಾರ್ಡು ಬಂತು, ಹಳೆಯದನ್ನು ಕತ್ತರಿಸಿ ಎಸೆಯಿರಿ ಎಂದು ಚೀಟಿ ಇತ್ತು. ಹೊಸಬನದು ಬೋಳು ಮುಖ, ಹೆಸರು ಬರೀ ಬಣ್ಣದಲ್ಲಿ. ಇಂದಕ್ಕ ಕತ್ತರಿ ತೆಗೆದುಕೊಂಡಳು, ನನ್ನನ್ನು ನೋಡಿದಳು, ಕತ್ತರಿ ಕೆಳಗಿಟ್ಟಳು. ಅಂದಿನಿಂದ ನಾನು ಅಡುಗೆಮನೆಯಲ್ಲಿದ್ದೇನೆ. ಕಲ್ಲಿನ ಮೇಲೆ ಅಂಟಿದ ಕಣಕ ಕೆರೆಯುವುದು ನನ್ನ ಕೆಲಸ. ಮುಪ್ಪಿಗೆ ಇದೇನೂ ಕೆಟ್ಟ ಉದ್ಯೋಗವಲ್ಲ.

ಉಳಿದಿದ್ದ ಇಪ್ಪತ್ತೊಂಬತ್ತು ಸಾವಿರ ಪಾಯಿಂಟ್ಸ್ ಹೊಸ ಕಾರ್ಡಿಗೆ ಸೇರಿದವು. ಕಳೆದ ವರ್ಷ ಸೂರತ್ತಿನಿಂದ ಜಬೀನಾಗೆ ಫೋನು ಬಂತು. ಅಲ್ಲಿಗೆ ಮದುವೆಯಾಗಿ ಹೋದ ಶಿಫಾಗೆ ಎಂಟು ತಿಂಗಳು, ಜ್ವರ ಬಿಡುತ್ತಿಲ್ಲ. ಇಂದಕ್ಕ ತಾನೇ ಅವಳನ್ನು ಕರೆದು ಪಾಯಿಂಟ್ಸ್ ಕೊಡುತ್ತೇನೆಂದಳು. ಶಿಫಾಳ ಅಪ್ಪನೂ ಬರ್ತಾರಂತೆ, ಇಬ್ಬರಿಗೆ ಸಾಲುವಷ್ಟಾಗಲಿ ಎಂದಳು ಜಬೀನಾ.

"ಸೂರತ್ತಿಗೆ ಒಬ್ಬಳಿಗೆ ಸಾಲುತ್ತೆ. ಇವತ್ತೇ ಹೊರಡು," ಎಂದಳು ಇಂದಕ್ಕ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಜಬೀನಾ ಹೊರಟಳು. ಹತ್ತು ದಿನಕ್ಕೆ ಮೊಮ್ಮಗುವಿನ ಫೋಟೋ ಬಂತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆ ಫೋಟೋ ನೋಡಿದ ಮಧ್ಯಾಹ್ನ ಇಂದಕ್ಕ ಸ್ಟೂಲು ಹಾಕಿಕೊಂಡು ಅಟ್ಟದಿಂದ ಸುರುಳಿ ಇಳಿಸಿದಳು. ಅಡುಗೆಕಲ್ಲಿನ ಮೇಲೆ ಬಿಚ್ಚಿ, ಮತ್ತೆ ಸುತ್ತಿಕೊಳ್ಳದ ಹಾಗೆ ಒಂದು ಮೂಲೆಗೆ ನನ್ನನ್ನೇ ಇಟ್ಟಳು.

ತುಮಕೂರಿನಿಂದ ಹೊರಟ ಪೆನ್ಸಿಲ್ ಗೆರೆ, ಹೋಗಿ, ಹಿಂದೆ ಬಂದು, ಮತ್ತೆ ಹೋಗಿ, ಡಿಬ್ರುಗಢ ಮುಟ್ಟಿತ್ತು. ಆಗಸ್ಟಿನಲ್ಲಿ ಸೀಟಿನ ಬೆಲೆ ಏರಿದಾಗ ಅದನ್ನು ಯಾರೂ ಅಳಿಸಿರಲಿಲ್ಲ. ಪಕ್ಕದಲ್ಲಿ ಪುಟ್ಟ ಮನೆ, ಅದರ ಕೆಳಗೆ ಕುಮುದನ ಸಣ್ಣ ಅಕ್ಷರ: ಜುಲೈ ೧೯. ಅಕ್ಕ, ಅವ್ವ ಬಂದರು. ಬಾಗಿಲು ತೆಗೆದೆ.

ಇಂದಕ್ಕ ತುಂಬಾ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಬಾಗಿಲು ತೆಗೆದೇ ಇಟ್ಟಿದ್ದಳು, ನಾನೇ ಹೋಗಲಿಲ್ಲ ಎಂದಳು. ಒಳಗಿನಿಂದ ಅವ್ವ ಏನಂದೆ ಮಗಾ ಎಂದರು. ಏನಿಲ್ಲವ್ವ ಎಂದಳು. ಆಮೇಲೆ ನನ್ನನ್ನು ತೊಳೆದು, ಸೆರಗಿನಿಂದ ಒರೆಸಿ, ಜಾಗಕ್ಕಿಟ್ಟಳು.

ಪಾಯಿಂಟ್ಸ್ ಕೂಡಿಡುವುದು ದಂಡ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಒಬ್ಬ ತಾಯಿಯನ್ನು ಮಗಳ ತಲೆಯ ಹತ್ತಿರ ಕೂರಿಸಿದವನು ನಾನು. ಆದರೆ ಕಣಕ ಕೆರೆಯುವಾಗಲೆಲ್ಲ ಒಂದೇ ನೆನಪು ಬರುತ್ತದೆ. ಜುಲೈ ಹತ್ತೊಂಬತ್ತಕ್ಕೆ ನನ್ನಲ್ಲಿ ಎರಡು ಸೀಟು ಇದ್ದವು.