ಡಬ್ಬಕ್ಕನ ವಾರದ ಐದು

"ಬಿಡಿ ಟೀಚರ್, ಇದು ನಿಮ್ಮ ಕೈಲಾಗೋ ಕೆಲ್ಸ ಅಲ್ಲ," ಎಂದು ಗಂಜಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ಕಿತ್ತುಕೊಂಡಳು.

ಮೇಜಿನ ಮೇಲೆ ಅಕ್ಕನ ನೀಲಿ ಅಂಗಿ ಹರಡಿತ್ತು. ತಂಗಿ ಅದರ ಕಾಲರನ್ನು ಮೂರು ಸಲ ತೀಡಿ, ಮೂರು ಸಲವೂ ಹೊಸದೊಂದು ಸುಕ್ಕು ಮೂಡಿಸಿದ್ದಳು. ಮೊನ್ನೆ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದ ಅಕ್ಕ ನಿಂತಲ್ಲೇ ಕುಸಿದವಳು ಮತ್ತೆ ಏಳಲಿಲ್ಲ. ಮೂವತ್ತೆರಡು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಊರಿನ ರೋಗಿಗಳ ಹೊದಿಕೆಗಳನ್ನೆಲ್ಲ ಇಸ್ತ್ರಿ ಮಾಡಿದವಳನ್ನು ಸುಕ್ಕುಬಿದ್ದ ಅಂಗಿಯಲ್ಲಿ ಕಳಿಸುವುದು ಹೇಗೆ?

ಗಂಜಿಯಮ್ಮ ಅದೇ ವಿಭಾಗದಲ್ಲಿ ಬಟ್ಟೆಗೆ ಗಂಜಿ ಹಾಕುವವಳು. ಹೆಸರು ಅದರಿಂದಲೇ ಬಂದದ್ದು. ಎರಡೇ ಎಳೆತಕ್ಕೆ ಕಾಲರು ಕಾಗದದಂತೆ ನಿಂತಿತು. ಅವಳು ತಂಗಿಯ ಮುಖವನ್ನೇ ನೋಡುತ್ತ ಕೇಳಿದಳು:

"ಚಿತಾಗಾರದಲ್ಲಿ ಹಾಡು ಏನಾದ್ರೂ ಹಾಕಿಸ್ತೀರಾ?"

"ಯಾವ ಹಾಡೂ ಬೇಡ. ಇವತ್ತೊಂದಿನ ಆದ್ರೂ ಅವಳು ಶಾಂತವಾಗಿರ್ಲಿ."

"ಶಾಂತನಾ? ನಮ್ಮ ಡಬ್ಬಕ್ಕನಾ?" ಗಂಜಿಯಮ್ಮ ಅಷ್ಟೇ ಹೇಳಿ ಅಂಗಿಯನ್ನು ಮಡಚದೆ ತೋಳಿನ ಮೇಲೆ ಎತ್ತಿಕೊಂಡಳು, ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ.

*

ಅಕ್ಕನಿಗೆ ಡಬ್ಬಕ್ಕ ಎಂಬ ಹೆಸರು ಬಿದ್ದದ್ದು ಮನೆಯಲ್ಲಿ ಅವಳು ಹಾಡು ಹಾಕುವ ಸ್ಪೀಕರ್ ಡಬ್ಬದಿಂದ. ನಿವೃತ್ತಳಾದ ಮೇಲೂ ಪ್ರತಿ ಸೋಮವಾರ ಅವಳು ಆಸ್ಪತ್ರೆಗೆ ಹೋಗಿ, ಇಸ್ತ್ರಿ ಕೋಣೆಯ ಗೋಡೆಗೆ ಒಂದು ಚೀಟಿ ಅಂಟಿಸಿ ಬರುತ್ತಿದ್ದಳು. ಆ ವಾರ ಅವಳ ಮನಸ್ಸು ಗೆದ್ದ ಐದು ಹಾಡು. ಎಲ್ಲ ರಾಕ್ ತಂಡಗಳವು. ಅದರಲ್ಲೂ ಯಾರೂ ಕೇಳಿರದ, ಸ್ವಂತ ಖರ್ಚಿನಲ್ಲಿ ಹಾಡು ಹೊರತರುವ ಸಣ್ಣಪುಟ್ಟ ತಂಡಗಳವು. ಒಂದು ವರ್ಷಕ್ಕಿಂತ ಹಳೆಯದಕ್ಕೆ ಅಲ್ಲಿ ಜಾಗವಿರಲಿಲ್ಲ.

"ಹಳೇ ಹಾಡನ್ನ ಮುದ್ದು ಮಾಡೋಕೆ ಊರೇ ಇದೆ," ಎನ್ನುತ್ತಿದ್ದಳು. "ನಿನ್ನೆ ಹುಟ್ಟಿದ್ದನ್ನ ಎತ್ಕೊಳ್ಳೋರು ಯಾರೇ?"

ಪಕ್ಕದ ಕೋಣೆಯಲ್ಲಿ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದ ತಂಗಿಗೆ ಆ ಹಾಡು ತಗಡಿನ ಚಾವಣಿಯ ಮೇಲೆ ಕೋತಿಗಳ ಹಿಂಡು ಕುಣಿದ ಹಾಗೆ ಕೇಳುತ್ತಿತ್ತು. "ಅಕ್ಕಾ, ಕಡಿಮೆ ಮಾಡೇ!" ಎಂದು ಗೋಡೆ ಗುದ್ದುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ. ಎದ್ದು ಹೋಗಿ ನೋಡಿದರೆ, ಅಕ್ಕ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ತಬ್ಬಿ, ಅದರ ನೆತ್ತಿಗೆ ಗಲ್ಲ ಊರಿ, ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಅರವತ್ತು ದಾಟಿದವಳ ಈ ಹುಡುಗಾಟಿಕೆ ಕಂಡು ತಂಗಿಗೆ ಮೈ ಉರಿಯುತ್ತಿತ್ತು. ಬೆನ್ನ ಹಿಂದಿನಿಂದ ಭುಜ ತಟ್ಟಿ ಏನಾದರೂ ಹೇಳಿದರೆ, "ಎದುರಿಗೆ ಬಂದು ಮಾತಾಡು" ಎಂಬ ದೊಡ್ಡಸ್ತಿಕೆ ಬೇರೆ.

ಕಳೆದ ಭಾನುವಾರ ತಂಗಿಯ ತಾಳ್ಮೆ ತಪ್ಪಿತ್ತು. ಎದುರಿಗೇ ನಿಂತು, "ನಿನಗೇನು ಕಿವಿ ಕೆಪ್ಪಾ?" ಎಂದು ಕೂಗಿದ್ದಳು.

ಅಕ್ಕ ಅವಳ ಮುಖ ನೋಡಿ ಹೊಟ್ಟೆ ತುಂಬ ನಕ್ಕಿದ್ದಳು. "ಹೂಂ ಕಣೇ. ಈಗ ಗೊತ್ತಾಯ್ತಾ?"

*

ಚಿತಾಗಾರದ ಸಭಾಂಗಣದಲ್ಲಿ ಐವತ್ತು ಕುರ್ಚಿಗಳಿದ್ದವು. ಬಂದವರು ಹನ್ನೆರಡು ಜನ: ಎದುರು ಮನೆಯ ದಂಪತಿ, ಬಸ್ ನಿಲ್ದಾಣದಲ್ಲಿ ಅಕ್ಕನನ್ನು ಎತ್ತಿ ಕೂರಿಸಿದ್ದ ಹೂಮಾರುವವಳು, ಗಂಜಿಯಮ್ಮನೂ ಸೇರಿ ಆಸ್ಪತ್ರೆಯ ಎಂಟು ಹೆಂಗಸರು, ತಂಗಿ. ಮರದ ಕಟ್ಟೆಯ ಮೇಲೆ ಅಕ್ಕ ಮಲಗಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ನಾಲ್ವರು ಕಾಣಿಸಿಕೊಂಡರು. ಮೂವರು ಗಂಡಸರು, ಒಬ್ಬಳು ಹೆಂಗಸು; ಇಡೀ ದಾರಿ ವ್ಯಾನಿನಲ್ಲಿ ಕೂತು ಬಂದು ಬಟ್ಟೆಯೆಲ್ಲ ಮುದುಡಿತ್ತು.

"ನೀವು ತಂಗಿ ಅಲ್ವಾ?" ಎಂದಳು ಆ ಹೆಂಗಸು. "ನಾನು ಹಾಡೋಳು. ಇವರು ನಮ್ಮ ತಂಡ. ಗಂಜಿಯಮ್ಮ ಮೆಸೇಜ್ ಮಾಡಿದ್ರು. ಅವರ ಪಟ್ಟೀಲಿ ಒಂದು ಸಲ ನಮ್ಮ ಹಾಡೂ ಇತ್ತು."

ಡ್ರಮ್ ಬಾರಿಸುವವನು ಮುಂದೆ ಬಂದ. "ಟೈರ್ ಅಂಗಡಿ ಹಿಂದಿನ ಗೋದಾಮಲ್ಲಿ ನುಡಿಸಿದ್ವಿ. ಹತ್ತು ಜನ ಇದ್ರು, ಅದ್ರಲ್ಲಿ ನಾಲ್ಕು ಜನ ನಾವೇ. ಸಾಕಪ್ಪಾ, ಎಲ್ಲ ಮಾರಿಬಿಡೋಣ ಅಂತ ವಾದ್ಯ ಕಟ್ತಾ ಇದ್ದಾಗ ಇವರು ಬಂದು, 'ಮೂರನೇ ಹಾಡಲ್ಲಿ ನೀನು ಹೆದರ್ಕೊಂಡೆ' ಅಂದ್ರು. ಹೌದು, ಹೆದರಿದ್ದೆ. ನಮ್ಮೋರಿಗೇ ಗೊತ್ತಾಗಿರ್ಲಿಲ್ಲ ಅದು. ಕಿವಿ ಕೇಳದೇ ಇರೋರಿಗೆ ಹೇಗೆ ಗೊತ್ತಾಯ್ತು?"

"ಯಾರಿಗೆ ಕೇಳದೇ ಇರೋದು?" ಎಂದಳು ತಂಗಿ.

ಅವನು ತಬ್ಬಿಬ್ಬಾಗಿ ಹಾಡುಗಾರ್ತಿಯ ಕಡೆ ನೋಡಿದ. ತಂಗಿಯ ತೋಳು ಹಿಡಿದವಳು ಗಂಜಿಯಮ್ಮ.

"ಹತ್ತು ವರ್ಷ ಆಯ್ತು ಟೀಚರ್. ನಮ್ಮೆಲ್ರದ್ದೂ ಅಷ್ಟೇ. ಆ ಮಷೀನುಗಳ ಪಕ್ಕ ನಿಂತ್ರೆ ಕಿವಿ ಎಲ್ಲಿ ಉಳಿಯುತ್ತೆ? ತುಟಿ ನೋಡ್ಕೊಂಡೇ ಮಾತಾಡೋದು. ಅವಳು ಹಾಡನ್ನ ಕೈಯಲ್ಲಿ, ಎದೇಲಿ, ಗಲ್ಲದ ಮೂಳೇಲಿ ಕೇಳ್ತಿದ್ಲು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಗೋಡೆ ಗುದ್ದೋದು ನಿಲ್ಲಿಸ್ತಿದ್ರಿ. 'ನನ್ ತಂಗಿ ಬೈದ್ರೆ ಗೋಡೆ ಅದುರುತ್ತೆ ಕಣೇ, ಅಂಗೈ ಇಟ್ರೆ ಗೊತ್ತಾಗುತ್ತೆ, ಮನೇಲಿ ಇದ್ದಾಳೆ ಅಂತ' ಅಂತಿದ್ಲು."

ತಂಗಿ ಅಕ್ಕನ ಮುಖ ನೋಡಿದಳು. ಹುಟ್ಟಿದಾಗಿನಿಂದ ದಿನಬೆಳಗಾದರೆ ಕಂಡ ಮುಖ. ಆದರೂ ಮೊದಲ ಸಲ ಕಡಲಿನ ಮುಂದೆ ನಿಂತವಳಂತೆ ಅವಳು ಅದನ್ನು ನೋಡುತ್ತಲೇ ನಿಂತಳು. ತನ್ನ ಪಕ್ಕದ ಕೋಣೆಯಲ್ಲಿ, ಒಂದು ಗೋಡೆಯಾಚೆ, ಇಷ್ಟು ದೊಡ್ಡದೊಂದು ನಡೆಯುತ್ತಿತ್ತು.

"ಒಂದು ಹಾಡು ನುಡಿಸ್ಬಹುದಾ?" ಎಂದಳು ಹಾಡುಗಾರ್ತಿ. "ಹೊಸದು. ಇನ್ನೂ ಯಾರೂ ಕೇಳಿಲ್ಲ."

ಸಭಾಂಗಣದ ಮೇಲ್ವಿಚಾರಕ ಓಡಿಬಂದ. "ಇಲ್ಲಿ ಗಲಾಟೆ ಮಾಡೋ ಹಾಗಿಲ್ಲ. ಹನ್ನೆರಡಕ್ಕೆ ಮುಂದಿನವರು ಬರ್ತಾರೆ."

"ಇನ್ನೆಷ್ಟು ನಿಮಿಷ ಇದೆ?" ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ತಂಗಿ ಕೇಳಿದಳು.

"ಹದಿನೆಂಟು... ವಾದ್ಯ ಜೋಡಿಸೋಕೇ ಎಂಟು ನಿಮಿಷ ಹೋಗುತ್ತೆ ಅಮ್ಮಾ."

"ನಿಮ್ಮ ಹಾಡು ಎಷ್ಟುದ್ದ?"

"ನಾಲ್ಕೂವರೆ," ಎಂದ ಡ್ರಮ್ಮಿನವನು.

"ಹಾಗಾದ್ರೆ ಎರಡು ಸಲ ನುಡಿಸಿ. ಒಂದು ನಿಮಿಷ ಇವರಿಗೆ ಬಿಡಿ." ಅವಳು ಮೇಲ್ವಿಚಾರಕನತ್ತ ತಿರುಗಲಿಲ್ಲ. "ಜೋರಾಗಿ ನುಡಿಸಿ. ಎಷ್ಟು ಜೋರಾಗುತ್ತೋ ಅಷ್ಟು."

ಬಾಸ್ ಗಿಟಾರಿನ ದೊಡ್ಡ ಸ್ಪೀಕರನ್ನು ಅವರು ಮರದ ಕಟ್ಟೆಗೆ ತಾಗಿಸಿಯೇ ಇಟ್ಟರು. ಮೊದಲ ಏಟಿಗೆ ಕಿಟಕಿಯ ಗಾಜು ಗುಡುಗಿತು, ಖಾಲಿ ಕುರ್ಚಿಗಳು ನೆಲದ ಮೇಲೆ ಸಣ್ಣಗೆ ಕಟಕಟಿಸಿದವು. ತಂಗಿಗೆ ರಾಗವೂ ತಿಳಿಯಲಿಲ್ಲ, ಪದವೂ ತಿಳಿಯಲಿಲ್ಲ. ಪಾದದಿಂದ ಏನೋ ಏರಿ ಬರುತ್ತಿತ್ತು, ಅಷ್ಟೇ.

ಆಸ್ಪತ್ರೆಯ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಸುತ್ತ ನಿಂತು, ಹಬೆಗೆ ಬೆಂದು ನುಣುಪಾದ ಅಂಗೈಗಳನ್ನು ಕಟ್ಟೆಯ ಮೇಲೆ ಊರಿ ಕಣ್ಣು ಮುಚ್ಚಿದರು. ತಂಗಿ ಬರುವಷ್ಟರಲ್ಲಿ ಅಲ್ಲಿ ಕೈ ಇಡಲು ಜಾಗ ಉಳಿದಿರಲಿಲ್ಲ. ಅವಳು ಗಂಜಿಯಮ್ಮನ ಹಿಂದೆ ನಿಂತು, ಆ ಬಾಗಿದ ಬೆನ್ನಿನ ಮೇಲೆ ತನ್ನ ಎರಡೂ ಅಂಗೈ ಚಾಚಿ ಇಟ್ಟಳು. ಮರದಿಂದ ಆ ಕೈಗಳಿಗೆ, ಕೈಗಳಿಂದ ಆ ಬೆನ್ನಿಗೆ ಹಾಯ್ದು ಹಾಡು ಅವಳಿಗೂ ಬಂದು ಮುಟ್ಟಿತು.